ಒಂದು ಹಾಸಿಗೆಯಿಂದ ಹುಟ್ಟಿದ ವೈದ್ಯಕೀಯ ಕಾಲೇಜು

ಬೆಂಗಳೂರಿನಿಂದ ಚೆನ್ನೈ ರೈಲು ಹತ್ತಿದರೆ ಜೋಲಾರ್‌ಪೇಟೆ ದಾಟಿದ ಮೇಲೆ ಕಾಟ್ಪಾಡಿ ನಿಲ್ದಾಣ ಸಿಗುತ್ತದೆ. ಅಲ್ಲಿ ಇಳಿಯುವವರಲ್ಲಿ ಅನೇಕರ ಕೈಯಲ್ಲಿ ಎಕ್ಸ್‌ರೇ ಲಕೋಟೆ ಇರುತ್ತದೆ. ಅವರೆಲ್ಲ ಹೊರಟಿರುವುದು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಆಸ್ಪತ್ರೆಗೆ. ನಮ್ಮ ಕೋಲಾರದ ಕಡೆ ‘ಇನ್ನು ವೆಲ್ಲೂರಿಗೇ ಕರಕೊಂಡು ಹೋಗಿ’ ಎಂದರೆ ಸಾಕು, ಆಸ್ಪತ್ರೆಯ ಹೆಸರು ಹೇಳಬೇಕಾಗಿಲ್ಲ. ಬಂಗಾಳ, ಈಶಾನ್ಯ ರಾಜ್ಯಗಳಿಂದಲೂ ಜನ ದಿನಗಟ್ಟಲೆ ಪ್ರಯಾಣ ಮಾಡಿ ಬರುತ್ತಾರೆ. ಆಸ್ಪತ್ರೆಯ ಸುತ್ತಲ ಬೀದಿಗಳಲ್ಲಿ ತಮಿಳಿನ ಜೊತೆಗೆ ಬಂಗಾಳಿ, ಹಿಂದಿ ಫಲಕಗಳೂ ಕಾಣುತ್ತವೆ.

ಪಿಯುಸಿ ಓದುವ ಮಕ್ಕಳ ತಂದೆ ತಾಯಿಯರು ನಮ್ಮಂಥ ಮೇಷ್ಟರನ್ನು ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಎರಡು. ಎಷ್ಟು ಅಂಕಕ್ಕೆ ಸೀಟು ಸಿಗುತ್ತದೆ? ಶುಲ್ಕ ಎಷ್ಟಾಗುತ್ತದೆ? ಕಾಲೇಜಿನ ಜೊತೆಗಿರುವ ಆಸ್ಪತ್ರೆ ಎಂಥದ್ದು ಎಂದು ಕೇಳುವವರು ಅಪರೂಪ. ಕೇಳಬೇಕಾದದ್ದು ಅದನ್ನೇ. ಅಂಗರಚನಾಶಾಸ್ತ್ರವನ್ನು ಪುಸ್ತಕದಿಂದ ಕಲಿಯಬಹುದು. ವೈದ್ಯನಾಗುವುದನ್ನು ಕಲಿಸುವವನು ಹಾಸಿಗೆಯ ಮೇಲೆ ಮಲಗಿರುವ ರೋಗಿ. ವೆಲ್ಲೂರಿನಲ್ಲಂತೂ ಹಾಸಿಗೆಯೇ ಮೊದಲು ಬಂತು. ಕಾಲೇಜು ಬಂದದ್ದು ಅದಾಗಿ ಹದಿನೆಂಟು ವರ್ಷಕ್ಕೆ.

ಐಡಾ ಸ್ಕಡರ್ ಹುಟ್ಟಿದ್ದು 1870ರಲ್ಲಿ, ಅಮೆರಿಕದಿಂದ ಬಂದು ಇಲ್ಲಿ ನೆಲೆಸಿದ್ದ ವೈದ್ಯರ ಮನೆತನದಲ್ಲಿ. ಅವರಿಗೆ ಈ ದೇಶದಲ್ಲಿ ಉಳಿಯುವ ಮನಸ್ಸಿರಲಿಲ್ಲ. ಕಾಯಿಲೆ ಬಿದ್ದಿದ್ದ ತಾಯಿಯನ್ನು ನೋಡಿಕೊಳ್ಳಲು 1890ರ ದಶಕದ ಆರಂಭದಲ್ಲಿ ತಿಂಡಿವನಕ್ಕೆ ಬಂದಿದ್ದರು. ಒಂದು ರಾತ್ರಿ ಮೂವರು ಗಂಡಸರು, ಇಬ್ಬರು ಹಿಂದೂಗಳು, ಒಬ್ಬರು ಮುಸ್ಲಿಮರು, ಒಬ್ಬರಾದ ಮೇಲೊಬ್ಬರಂತೆ ಬಾಗಿಲು ತಟ್ಟಿದರು. ಮೂವರ ಹೆಂಡತಿಯರಿಗೂ ಹೆರಿಗೆ ಕಷ್ಟವಾಗಿತ್ತು. ವೈದ್ಯರಾಗಿದ್ದ ತಂದೆಯನ್ನು ಕಳಿಸುತ್ತೇನೆಂದು ಐಡಾ ಹೇಳಿದರೆ, ಪರಪುರುಷ ಬರುವುದು ಬೇಡವೆಂದು ಮೂವರೂ ಹಿಂದಿರುಗಿದರು. ಬೆಳಗಾಗುವಷ್ಟರಲ್ಲಿ ಆ ಮೂವರು ಹೆಂಗಸರೂ ತೀರಿಕೊಂಡಿದ್ದರು.

ಐಡಾ ಅಮೆರಿಕಕ್ಕೆ ಹೋಗಿ 1899ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ವೈದ್ಯಕೀಯ ಪದವಿ ಪಡೆದರು. 1900ರಲ್ಲಿ ವೆಲ್ಲೂರಿಗೆ ಮರಳಿ ತಂದೆಯ ಬಂಗಲೆಯಲ್ಲೇ ಒಂದು ಹಾಸಿಗೆಯ ಚಿಕಿತ್ಸಾಲಯ ತೆರೆದರು. 1902ರಲ್ಲಿ 40 ಹಾಸಿಗೆಗಳ ಆಸ್ಪತ್ರೆ ಎದ್ದಿತು. ಊರಿಗೆ ಬರಲಾಗದ ರೋಗಿಗಳಿಗಾಗಿ ಗುಡಿಯಾತಂ ರಸ್ತೆಯುದ್ದಕ್ಕೂ ಮರದ ನೆರಳಿನಲ್ಲಿ ಗಾಡಿ ನಿಲ್ಲಿಸಿ ಮದ್ದು ಕೊಡುವ ಪದ್ಧತಿ ಶುರುವಾಯಿತು. ಒಬ್ಬ ವೈದ್ಯೆಯಿಂದ ಎಷ್ಟು ಊರುಗಳನ್ನು ನೋಡಲು ಸಾಧ್ಯ? ಅದಕ್ಕೇ 1909ರಲ್ಲಿ ದಾದಿಯರ ತರಬೇತಿ ಶಾಲೆ ಬಂತು, 1918ರಲ್ಲಿ ಹೆಣ್ಣುಮಕ್ಕಳ ವೈದ್ಯಕೀಯ ಶಾಲೆ ಬಂತು. ಅರ್ಜಿ ಹಾಕಲು ಮೂವರು ಸಿಕ್ಕರೆ ನಿಮ್ಮ ಪುಣ್ಯ ಎಂಬ ಅರ್ಥದ ಮಾತನ್ನು ಮದರಾಸಿನ ಅಧಿಕಾರಿಯೊಬ್ಬರು ಆಡಿದ್ದರಂತೆ. 1922ರಲ್ಲಿ ಮೊದಲ ತಂಡದ 14 ಹೆಣ್ಣುಮಕ್ಕಳು ಉತ್ತೀರ್ಣರಾಗಿ ಹೊರಬಂದರು. 1942ರಲ್ಲಿ ಎಂಬಿಬಿಎಸ್ ಪದವಿ ಶಿಕ್ಷಣ ಆರಂಭವಾಯಿತು. ಗಂಡುಹುಡುಗರಿಗೆ ಪ್ರವೇಶ ಸಿಕ್ಕಿದ್ದು 1947ರಲ್ಲಿ! ಇದನ್ನು ಹೇಳಿದಾಗಲೆಲ್ಲ ತರಗತಿಯ ಹುಡುಗಿಯರು ನಗುತ್ತಾರೆ.

ಇಲ್ಲಿನ ಕೆಲಸಗಳಲ್ಲಿ ವಿಜ್ಞಾನದ ಮೇಷ್ಟರಾದ ನನಗೆ ಅತಿ ಮೆಚ್ಚಿಗೆಯಾದದ್ದು ಕುಷ್ಠರೋಗಿಗಳ ಕೈಗಳ ಕಥೆ. ಈ ರೋಗದಲ್ಲಿ ಬೆರಳುಗಳು ತಾವಾಗಿಯೇ ಕೊಳೆತು ಬೀಳುತ್ತವೆ ಎಂದು ಜನ ನಂಬಿದ್ದರು. ಮೂಳೆ ಶಸ್ತ್ರವೈದ್ಯ ಪಾಲ್ ಬ್ರಾಂಡ್ ವೆಲ್ಲೂರಿಗೆ ಬಂದ ಹೊಸದರಲ್ಲಿ ಚೆಂಗಲ್ಪಟ್ಟಿನ ಕುಷ್ಠರೋಗ ಆಸ್ಪತ್ರೆಗೆ ಹೋಗಿದ್ದರು. ಬೆರಳು ಮಡಚಿಹೋಗಿದ್ದ ರೋಗಿಯೊಬ್ಬನ ಕೈಯೊಳಗೆ ತಮ್ಮ ಕೈ ಇಟ್ಟು ಹಿಸುಕಲು ಹೇಳಿದರು. ಹಿಡಿತ ಎಷ್ಟು ಬಲವಾಗಿತ್ತೆಂದರೆ ಅವರಿಗೇ ನೋವಾಯಿತು. ಅಂದರೆ ಆ ಕೈಯಲ್ಲಿ ಚೆನ್ನಾಗಿರುವ ಸ್ನಾಯುಗಳೂ ಇವೆ!

ವಿದ್ಯಾರ್ಥಿಗಳೇ, ಮೊಣಕೈ ಗೋಡೆಗೆ ತಗಲಿದಾಗ ಕಿರುಬೆರಳವರೆಗೂ ಜುಮ್ಮೆನ್ನುತ್ತದಲ್ಲವೇ? ಅಲ್ಲಿ ಚರ್ಮದ ಹತ್ತಿರದಲ್ಲೇ ಒಂದು ನರ ಹಾದುಹೋಗುತ್ತದೆ. ಕುಷ್ಠದ ಬ್ಯಾಕ್ಟೀರಿಯಾ ದೇಹದ ತಂಪಾದ ಭಾಗಗಳನ್ನೇ ಹುಡುಕುತ್ತದೆ. ಹೀಗೆ ಮೇಲ್ಭಾಗದಲ್ಲಿರುವ ನರಗಳು ಹಾಳಾಗುತ್ತವೆ, ಆಳದಲ್ಲಿರುವವು ಉಳಿಯುತ್ತವೆ. ಅಂಗೈಯ ಸಣ್ಣ ಸ್ನಾಯುಗಳು ಸೋತು ಬೆರಳು ಮಡಚಿಕೊಳ್ಳುತ್ತದೆ, ಮೊಣಕೈ ಕೆಳಗಿನ ದೊಡ್ಡ ಸ್ನಾಯುಗಳು ಗಟ್ಟಿಯಾಗಿಯೇ ಇರುತ್ತವೆ. ಅಂಥ ಒಂದು ಒಳ್ಳೆಯ ಸ್ನಾಯುವಿನ ರಜ್ಜುವನ್ನು ದಾರಿ ಬದಲಿಸಿ ಬೆರಳುಗಳಿಗೆ ಜೋಡಿಸಿದರೆ ಕೈ ಮತ್ತೆ ತೆರೆದುಕೊಳ್ಳುತ್ತದೆ. 1948ರಲ್ಲಿ ಇಂಥ ಶಸ್ತ್ರಚಿಕಿತ್ಸೆ ವೆಲ್ಲೂರಿನಲ್ಲಿ ಆರಂಭವಾಯಿತು. ಬೆರಳು ಸವೆಯುವುದಕ್ಕೂ ಬ್ರಾಂಡ್ ಕಾರಣ ಕಂಡುಕೊಂಡರು. ನೋವೇ ಗೊತ್ತಾಗದವನು ಬಿಸಿ ಪಾತ್ರೆ ಹಿಡಿದರೂ ಬಿಡುವುದಿಲ್ಲ, ಗಾಯವಾದರೂ ಕೆಲಸ ನಿಲ್ಲಿಸುವುದಿಲ್ಲ. ನಾವು ಶಪಿಸುವ ನೋವು ನಮ್ಮ ಕಾವಲುಗಾರ.

ಬ್ರಾಂಡ್ ಬಳಿ ಕಲಿತವರಲ್ಲಿ ಮೇರಿ ವರ್ಗೀಸ್ ಒಬ್ಬರು. 1954ರಲ್ಲಿ ವಾಹನ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಆಕೆಯ ಕಾಲುಗಳು ಶಾಶ್ವತವಾಗಿ ಸೋತವು. ಆದರೆ ಕೈಗಳು ಚೆನ್ನಾಗಿದ್ದವು. ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಮುಂದೆ ನ್ಯೂಯಾರ್ಕಿನಲ್ಲಿ ತರಬೇತಿ ಪಡೆದು ಬಂದು, ಅಂಗವಿಕಲರಿಗೆ ಬದುಕಿನ ಕೆಲಸಗಳನ್ನು ಮತ್ತೆ ಕಲಿಸುವ ಪುನಶ್ಚೇತನ ವಿಭಾಗವನ್ನು ಕಟ್ಟಿದರು. 1972ರಲ್ಲಿ ಪದ್ಮಶ್ರೀ ಬಂತು.

1949ರಲ್ಲಿ ಜೇಕಬ್ ಚಾಂಡಿ ಇಲ್ಲಿ ದೇಶದ ಮೊದಲ ನರಶಸ್ತ್ರಚಿಕಿತ್ಸಾ ವಿಭಾಗ ಆರಂಭಿಸಿದರು. 1971ರಲ್ಲಿ ಮೂತ್ರಪಿಂಡದ ಕಸಿಯೂ ಆಯಿತು. ಇನ್ನೊಂದು ಘಟನೆ 1986ರದು. ಮದರಾಸ್ ಮೆಡಿಕಲ್ ಕಾಲೇಜಿನ ಸ್ನಾತಕೋತ್ತರ ವಿದ್ಯಾರ್ಥಿನಿ ನಿರ್ಮಲಾ ತಮ್ಮ ಅಧ್ಯಾಪಕಿ ಸುನೀತಿ ಸೊಲೊಮನ್ ಅವರ ಸಲಹೆಯಂತೆ ಏಡ್ಸ್ ಕುರಿತು ಪ್ರಬಂಧ ಬರೆಯಲು ರಕ್ತದ ಮಾದರಿಗಳನ್ನು ಕೂಡಿಹಾಕಿದರು. ಅವನ್ನು ಪರೀಕ್ಷಿಸುವ ಅನುಕೂಲ ಮದರಾಸಿನಲ್ಲಿ ಇರಲಿಲ್ಲ. ವೆಲ್ಲೂರಿನಲ್ಲಿ ಜೇಕಬ್ ಜಾನ್ ಅವರ ವೈರಾಣು ಪ್ರಯೋಗಾಲಯದಲ್ಲಿ ಇತ್ತು. ಮಾದರಿಗಳನ್ನು ರೈಲಿನಲ್ಲಿ ತಂದರು. ಆರು ಮಾದರಿಗಳಲ್ಲಿ ಎಚ್‌ಐವಿ ಸೋಂಕು ಕಂಡಿತು. ಭಾರತದಲ್ಲಿ ಅದು ಮೊದಲ ಪತ್ತೆ. ಈ ರೋಗ ನಮ್ಮಲ್ಲಿಲ್ಲ ಎಂದುಕೊಂಡಿದ್ದ ದೇಶಕ್ಕೆ ಎಚ್ಚರ ತಂದದ್ದು ಒಬ್ಬ ವಿದ್ಯಾರ್ಥಿನಿಯ ಪ್ರಬಂಧ.

ಇನ್ನು ತಂದೆ ತಾಯಿಯರ ಪ್ರಶ್ನೆಗಳಿಗೆ ಬರೋಣ. ಮೊದಲು ಈ ಕಾಲೇಜು ತನ್ನದೇ ಪ್ರವೇಶ ಪರೀಕ್ಷೆ, ಸಂದರ್ಶನ ನಡೆಸುತ್ತಿತ್ತು. ನೀಟ್ ಕಡ್ಡಾಯವಾದಾಗ ನ್ಯಾಯಾಲಯಕ್ಕೆ ಹೋಯಿತು. 2017ರಲ್ಲಿ ಸೀಟುಗಳನ್ನು ಬಹುಪಾಲು ಖಾಲಿಯೇ ಬಿಟ್ಟಿತು. 2020ರಲ್ಲಿ ಸುಪ್ರೀಂ ಕೋರ್ಟ್ ನೀಟ್ ಅನ್ನು ಎತ್ತಿಹಿಡಿಯಿತು. ಸೇವೆಗೆ ಬೇಕಾದ ಮನಸ್ಸನ್ನು ಒಂದು ಪರೀಕ್ಷೆಯ ಅಂಕ ತೋರಿಸೀತೇ ಎಂಬ ಪ್ರಶ್ನೆ ನನಗಂತೂ ಇನ್ನೂ ಉಳಿದಿದೆ. ಎಲ್ಲರಿಗೂ ಒಂದೇ ಅಳತೆ ಇರಲಿ ಎನ್ನುವವರ ಮಾತೂ ಸುಳ್ಳಲ್ಲ. ಖಾಸಗಿ ಕಾಲೇಜಾದರೂ ಬೋಧನಾ ಶುಲ್ಕ ತೀರ ಕಡಿಮೆ. ಆದರೆ ಮಿಷನ್ ಸಂಸ್ಥೆಗಳ ಶಿಫಾರಸಿನಿಂದ ಬಂದವರು ಓದು ಮುಗಿದ ಮೇಲೆ ಎರಡು ವರ್ಷ ಅವು ಹೇಳಿದ ಆಸ್ಪತ್ರೆಯಲ್ಲಿ ದುಡಿಯಬೇಕು. ಅವು ಹೆಚ್ಚಾಗಿ ಸಣ್ಣ ಊರುಗಳಲ್ಲಿರುತ್ತವೆ. ಅರ್ಜಿ ಹಾಕುವ ಮೊದಲೇ ಇದನ್ನು ಮನೆಯಲ್ಲಿ ಕುಳಿತು ಮಾತಾಡಿಕೊಳ್ಳಿ. ಮೊದಲ ವರ್ಷದ ಮಕ್ಕಳನ್ನು ಹಳ್ಳಿಯೊಂದರಲ್ಲಿ ಕೆಲವು ದಿನ ಇರಿಸುತ್ತಾರೆ. ನೀರು ಎಲ್ಲಿಂದ ಬರುತ್ತದೆ, ಮನೆಯಲ್ಲಿ ಏನು ಬೇಯುತ್ತದೆ, ಕೂಸಿಗೆ ಲಸಿಕೆ ಹಾಕಿಸಿದ್ದಾರೆಯೇ ಎಂದೆಲ್ಲ ಮನೆಮನೆಗೆ ಹೋಗಿ ಅವರೇ ಕೇಳಿ ಬರೆದುಕೊಳ್ಳಬೇಕು.