ದಾಂಡೇಲಿ, ಹಳಿಯಾಳ, ಜೋಯಿಡಾ ಮತ್ತು ಮುಂಡಗೋಡ ತಾಲ್ಲೂಕುಗಳಲ್ಲಿ ಸಾರ್ವಜನಿಕ ವೈ-ಫೈ

ದಾಂಡೇಲಿ, ಹಳಿಯಾಳ, ಜೋಯಿಡಾ ಮತ್ತು ಮುಂಡಗೋಡ ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ನಾಲ್ಕು ತಾಲ್ಲೂಕುಗಳು. ಇಲ್ಲಿನ ಗ್ರಂಥಾಲಯ, ಗ್ರಾಮ ಪಂಚಾಯತಿ, ಅಂಗಡಿ, ಉಪಾಹಾರಗೃಹ, ವಸತಿಗೃಹ ಮೊದಲಾದ ಸ್ಥಳಗಳಲ್ಲಿ ಬಂದವರ ಬಳಕೆಗೆ ಉಚಿತವಾಗಿ ಅಥವಾ ಶುಲ್ಕಕ್ಕೆ ದೊರೆಯುವ ನಿಸ್ತಂತು ಅಂತರಜಾಲ ಸಂಪರ್ಕವನ್ನು ಸಾರ್ವಜನಿಕ ವೈ-ಫೈ ಎನ್ನಲಾಗುತ್ತದೆ. ಕಾಳಿ ನದಿ, ಹುಲಿ ಸಂರಕ್ಷಿತ ಪ್ರದೇಶ ಮತ್ತು ಟಿಬೆಟನ್ ಮಠಗಳನ್ನು ನೋಡಲು ಬರುವ ಪ್ರವಾಸಿಗರಲ್ಲಿ ಪ್ರಯಾಣದ ನಡುವೆಯೇ ಕಚೇರಿ ಕೆಲಸ ಮಾಡುವವರೂ ಇರುವುದರಿಂದ ಈ ಸೌಲಭ್ಯಕ್ಕೆ ಮಹತ್ವ ಬಂದಿದೆ.

ನಾಲ್ಕೂ ತಾಲ್ಲೂಕುಗಳಲ್ಲಿ ಸಂಪರ್ಕದ ಸ್ಥಿತಿ ಒಂದೇ ರೀತಿಯಾಗಿಲ್ಲ. ಬಯಲುಸೀಮೆಗೆ ಹೊಂದಿಕೊಂಡ ಹಳಿಯಾಳ ಮತ್ತು ಮುಂಡಗೋಡ ಪಟ್ಟಣಗಳಲ್ಲಿ ಹಾಗೂ ಕೈಗಾರಿಕಾ ನಗರವಾದ ದಾಂಡೇಲಿಯಲ್ಲಿ ಸಂಪರ್ಕ ಪಡೆಯುವುದು ಸುಲಭ. ದಟ್ಟ ಅರಣ್ಯದ ಜೋಯಿಡಾದಲ್ಲಿ ಊರಿನಿಂದ ಊರಿಗೆ, ಕೆಲವೊಮ್ಮೆ ರಸ್ತೆಯ ಒಂದು ತಿರುವಿನಿಂದ ಇನ್ನೊಂದಕ್ಕೆ ಸ್ಥಿತಿ ಬದಲಾಗುತ್ತದೆ.

ಭೌಗೋಳಿಕ ಹಿನ್ನೆಲೆ

ದಾಂಡೇಲಿಯು ಮೊದಲು ಹಳಿಯಾಳ ತಾಲ್ಲೂಕಿನ ಭಾಗವಾಗಿದ್ದು, 2018ರಲ್ಲಿ ಪ್ರತ್ಯೇಕ ತಾಲ್ಲೂಕಾಯಿತು. 2011ರ ಜನಗಣತಿಯ ಪ್ರಕಾರ ದಾಂಡೇಲಿ ನಗರದ ಜನಸಂಖ್ಯೆ ಸುಮಾರು 52 ಸಾವಿರ. ಇದು ಧಾರವಾಡದಿಂದ ಸುಮಾರು 55 ಕಿ.ಮೀ. ದೂರದಲ್ಲಿದೆ. ಮುಂಡಗೋಡವು ಜಿಲ್ಲೆಯ ಪೂರ್ವದ ಅಂಚಿನಲ್ಲಿದ್ದು, ಹುಬ್ಬಳ್ಳಿಯಿಂದ ಸುಮಾರು 45 ಕಿ.ಮೀ. ದೂರದಲ್ಲಿದೆ.

ಜೋಯಿಡಾ ತಾಲ್ಲೂಕಿನ ಹಳೆಯ ಹೆಸರು ಸೂಪಾ. ಕಾಳಿ ನದಿಗೆ ಕಟ್ಟಿದ ಸೂಪಾ ಅಣೆಕಟ್ಟೆಯ ಹಿನ್ನೀರಿನಲ್ಲಿ ಹಳೆಯ ಸೂಪಾ ಪಟ್ಟಣ ಮುಳುಗಡೆಯಾದ ಕಾರಣ ತಾಲ್ಲೂಕು ಕೇಂದ್ರವು ಜೋಯಿಡಾಕ್ಕೆ ಸ್ಥಳಾಂತರಗೊಂಡಿತು. ಜಿಲ್ಲೆಯಲ್ಲಿ ಅತ್ಯಂತ ವಿರಳ ಜನವಸತಿಯಿರುವ ತಾಲ್ಲೂಕು ಇದು. 2007ರಲ್ಲಿ ಘೋಷಿತವಾದ ದಾಂಡೇಲಿ–ಅಣಶಿ ಹುಲಿ ಸಂರಕ್ಷಿತ ಪ್ರದೇಶಕ್ಕೆ 2015ರಲ್ಲಿ ಕಾಳಿ ಹುಲಿ ಸಂರಕ್ಷಿತ ಪ್ರದೇಶ ಎಂದು ಮರುನಾಮಕರಣ ಮಾಡಲಾಯಿತು. ಜೋಯಿಡಾದ ಹಲವು ಗ್ರಾಮಗಳು ಇದರ ಒಳಗೆ ಅಥವಾ ಅಂಚಿನಲ್ಲಿವೆ.

ಈ ಭೂಸ್ವರೂಪವು ಸಂಪರ್ಕದ ಮೇಲೆ ಮೂರು ಬಗೆಯಲ್ಲಿ ಪರಿಣಾಮ ಬೀರುತ್ತದೆ. ಮೊದಲನೆಯದಾಗಿ, ಮೊಬೈಲ್ ಟವರ್‌ನ ಸಂಕೇತವನ್ನು ಗುಡ್ಡ ಮತ್ತು ದಟ್ಟ ಮರಗಳು ತಡೆಯುತ್ತವೆ. ಎರಡನೆಯದಾಗಿ, ಅರಣ್ಯ ಭೂಮಿಯಲ್ಲಿ ಟವರ್ ನಿಲ್ಲಿಸಲು ಅಥವಾ ಕೇಬಲ್ ಹೂಳಲು 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ಅಡಿ ಅನುಮತಿ ಬೇಕು. ಅಭಯಾರಣ್ಯ ಮತ್ತು ರಾಷ್ಟ್ರೀಯ ಉದ್ಯಾನದ ಒಳಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಅನ್ವಯಿಸುತ್ತದೆ. ಮೂರನೆಯದಾಗಿ, ಕೆಲವೇ ಮನೆಗಳ ಚದುರಿದ ಮಜಿರೆಗಳಿಗೆ ಕೇಬಲ್ ಎಳೆಯುವ ವೆಚ್ಚವನ್ನು ಅಲ್ಲಿನ ಗ್ರಾಹಕರ ಶುಲ್ಕದಿಂದ ಭರಿಸಿಕೊಳ್ಳುವುದು ಖಾಸಗಿ ಕಂಪನಿಗಳಿಗೆ ಕಷ್ಟ.

ವೈ-ಫೈ ಮತ್ತು ಅದರ ಹಿಂದಿನ ಸಂಪರ್ಕ

ವೈ-ಫೈ ಎಂಬುದು ಐಇಇಇ 802.11 ಎಂಬ ತಾಂತ್ರಿಕ ಮಾನದಂಡವನ್ನು ಆಧರಿಸಿದ ನಿಸ್ತಂತು ವ್ಯವಸ್ಥೆ. ಇದರ ಮೊದಲ ಆವೃತ್ತಿ 1997ರಲ್ಲಿ ಪ್ರಕಟವಾಯಿತು. ಭಾರತದಲ್ಲಿ ವೈ-ಫೈಗೆ ಬಳಸುವ 2.4 ಗಿಗಾಹರ್ಟ್ಸ್ ತರಂಗಾಂತರವನ್ನು 2005ರಲ್ಲಿ ಪರವಾನಗಿಯಿಂದ ಮುಕ್ತಗೊಳಿಸಲಾಯಿತು.

ವೈ-ಫೈ ರೂಟರ್ ತಾನಾಗಿ ಅಂತರಜಾಲವನ್ನು ಉಂಟುಮಾಡುವುದಿಲ್ಲ. ಕೇಬಲ್, ಮೊಬೈಲ್ ಸಿಮ್ ಅಥವಾ ಉಪಗ್ರಹದ ಮೂಲಕ ಕಟ್ಟಡಕ್ಕೆ ಬಂದ ಸಂಪರ್ಕವನ್ನು ಕೆಲವು ಹತ್ತು ಮೀಟರುಗಳ ವ್ಯಾಪ್ತಿಯಲ್ಲಿ ಹಂಚುವುದಷ್ಟೇ ಅದರ ಕೆಲಸ. ಹೀಗಾಗಿ ಮೊಬೈಲಿನ ಪರದೆಯಲ್ಲಿ ವೈ-ಫೈ ಚಿಹ್ನೆ ಪೂರ್ಣವಾಗಿ ಕಾಣಿಸಿದರೂ ಅಂತರಜಾಲ ನಿಧಾನವಾಗಿರಬಹುದು ಅಥವಾ ಇಲ್ಲದಿರಬಹುದು. ಆ ಚಿಹ್ನೆ ಸೂಚಿಸುವುದು ರೂಟರ್‌ವರೆಗಿನ ಸಂಪರ್ಕವನ್ನು ಮಾತ್ರ. ಈ ಭಾಗದ ಮನೆಗಳ ದಪ್ಪ ಚಿರೇಕಲ್ಲಿನ ಗೋಡೆಗಳು ರೂಟರ್‌ನ ವ್ಯಾಪ್ತಿಯನ್ನು ಇನ್ನಷ್ಟು ಕುಗ್ಗಿಸುತ್ತವೆ.

ಕೇಬಲ್ ಮೂಲಕ ಬರುವ ಆಪ್ಟಿಕಲ್ ಫೈಬರ್ ಸಂಪರ್ಕವು ಹೆಚ್ಚು ವೇಗದ್ದೂ ಸ್ಥಿರವೂ ಆಗಿರುತ್ತದೆ. ಮೊಬೈಲ್ ಸಿಮ್ ಅಳವಡಿಸಿದ ರೂಟರ್‌ನ ವೇಗವು ಸಮೀಪದ ಟವರ್‌ನ ಮೇಲಿನ ಒತ್ತಡವನ್ನು ಅವಲಂಬಿಸಿರುತ್ತದೆ. ವಾರಾಂತ್ಯದಲ್ಲಿ ಪ್ರವಾಸಿಗರು ಒಮ್ಮೆಗೇ ಸೇರುವ ಸ್ಥಳಗಳಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ.

ಸಾರ್ವಜನಿಕ ಸಂಪರ್ಕದ ವಿಧಗಳು

ಗ್ರಾಮ ಪಂಚಾಯತಿ ಮತ್ತು ಭಾರತ್‌ನೆಟ್: ಎಲ್ಲ ಗ್ರಾಮ ಪಂಚಾಯತಿಗಳಿಗೆ ಆಪ್ಟಿಕಲ್ ಫೈಬರ್ ತಲುಪಿಸುವ ರಾಷ್ಟ್ರೀಯ ಯೋಜನೆಗೆ ಕೇಂದ್ರ ಸರ್ಕಾರ 2011ರಲ್ಲಿ ಅನುಮೋದನೆ ನೀಡಿತು. ನಂತರ ಇದಕ್ಕೆ ಭಾರತ್‌ನೆಟ್ ಎಂಬ ಹೆಸರು ಬಂದಿತು. ಮೊದಲ ಹಂತಗಳಲ್ಲಿ ಕೇಬಲ್ ಒಂದೇ ನೇರ ಸಾಲಿನಲ್ಲಿ ಸಾಗುತ್ತಿದ್ದುದರಿಂದ ಒಂದು ಕಡೆ ತುಂಡಾದರೆ ಅದರ ಮುಂದಿನ ಪಂಚಾಯತಿಗಳ ಸಂಪರ್ಕವೆಲ್ಲ ಕಡಿದುಹೋಗುತ್ತಿತ್ತು. 2023ರಲ್ಲಿ ಅನುಮೋದನೆ ಪಡೆದ ಪರಿಷ್ಕೃತ ಯೋಜನೆಯಲ್ಲಿ ಎರಡೂ ದಿಕ್ಕಿನಿಂದ ಸಂಪರ್ಕ ದೊರೆಯುವ ಉಂಗುರಾಕಾರದ ಜಾಲವನ್ನು ರೂಪಿಸಲು ಉದ್ದೇಶಿಸಲಾಗಿದೆ.

ಗ್ರಂಥಾಲಯಗಳು: ಕರ್ನಾಟಕದ ಗ್ರಾಮ ಪಂಚಾಯತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಆಡಳಿತಕ್ಕೆ ಒಳಪಟ್ಟವು. ಇವನ್ನು ಈಗ ಅರಿವು ಕೇಂದ್ರಗಳೆಂದು ಕರೆಯಲಾಗುತ್ತದೆ. ಪುಸ್ತಕಗಳ ಜೊತೆಗೆ ಕಂಪ್ಯೂಟರ್ ಮತ್ತು ಅಂತರಜಾಲ ಸೌಲಭ್ಯ ಒದಗಿಸುವುದು ಇವುಗಳ ಉದ್ದೇಶ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಮತ್ತು ಶಾಲಾ ಮಕ್ಕಳು ಇವುಗಳ ಮುಖ್ಯ ಬಳಕೆದಾರರು. ಓದುವ, ಬರೆಯುವ ಹಾಗೂ ಕಡತ ಕಳುಹಿಸುವ ಕೆಲಸಗಳಿಗೆ ಇವು ಸೂಕ್ತ. ಮೌನ ಪಾಲಿಸಬೇಕಾದ ಸ್ಥಳಗಳಾದ್ದರಿಂದ ದೂರವಾಣಿ ಸಂಭಾಷಣೆಗೆ ಮತ್ತು ವಿಡಿಯೊ ಸಭೆಗೆ ಸೂಕ್ತವಲ್ಲ.

ಪಿಎಂ-ವಾಣಿ: 2020ರ ಡಿಸೆಂಬರ್ 9ರಂದು ಕೇಂದ್ರ ಸಚಿವ ಸಂಪುಟ ಅನುಮೋದಿಸಿದ ಈ ಯೋಜನೆಯಲ್ಲಿ ಚಹಾ ಅಂಗಡಿ, ಕಿರಾಣಿ ಅಂಗಡಿಯಂತಹ ಸಣ್ಣ ವ್ಯಾಪಾರಿಗಳೂ ಪರವಾನಗಿಯಾಗಲಿ ನೋಂದಣಿ ಶುಲ್ಕವಾಗಲಿ ಇಲ್ಲದೆ ವೈ-ಫೈ ಸೇವೆ ಮಾರಬಹುದು. ಇಂತಹ ಅಂಗಡಿಯನ್ನು ಪಬ್ಲಿಕ್ ಡೇಟಾ ಆಫೀಸ್, ಸಂಕ್ಷಿಪ್ತವಾಗಿ ಪಿಡಿಒ ಎನ್ನುತ್ತಾರೆ. ಕರ್ನಾಟಕದಲ್ಲಿ ಪಿಡಿಒ ಎಂದರೆ ಪಂಚಾಯತಿ ಅಭಿವೃದ್ಧಿ ಅಧಿಕಾರಿ ಎಂಬ ಅರ್ಥವೇ ರೂಢಿಯಲ್ಲಿದ್ದು, ಇವೆರಡಕ್ಕೂ ಸಂಬಂಧವಿಲ್ಲ. ಬಳಕೆದಾರರು ಯೋಜನೆಗೆ ಸೇರಿದ ಯಾವುದಾದರೂ ಆ್ಯಪ್‌ನಲ್ಲಿ ಒಮ್ಮೆ ನೋಂದಾಯಿಸಿಕೊಂಡರೆ ಸಮೀಪದ ಹಾಟ್‌ಸ್ಪಾಟ್‌ಗಳ ಪಟ್ಟಿ ದೊರೆಯುತ್ತದೆ. ಸಣ್ಣ ಅಂಗಡಿಗಳಿಗೆ ದುಬಾರಿ ವಾಣಿಜ್ಯ ದರದ ಸಂಪರ್ಕವನ್ನೇ ಕೊಳ್ಳಬೇಕಾದ ಪರಿಸ್ಥಿತಿ ಯೋಜನೆಯ ಬೆಳವಣಿಗೆಗೆ ಅಡ್ಡಿಯಾಗಿತ್ತು. ಇಂತಹ ಅಂಗಡಿಗಳು ಪಡೆಯುವ 200 ಎಂಬಿಪಿಎಸ್‌ವರೆಗಿನ ಫೈಬರ್ ಸಂಪರ್ಕದ ದರವು ಮನೆ ಗ್ರಾಹಕರ ದರದ ಎರಡು ಪಟ್ಟನ್ನು ಮೀರಬಾರದೆಂದು ಟ್ರಾಯ್ 2025ರ ಜೂನ್‌ನಲ್ಲಿ ಮಿತಿ ವಿಧಿಸಿತು.

ರೈಲು ನಿಲ್ದಾಣಗಳು: ರೈಲ್‌ಟೆಲ್ ಸಂಸ್ಥೆಯು 2016ರ ಜನವರಿಯಲ್ಲಿ ಮುಂಬಯಿ ಸೆಂಟ್ರಲ್‌ನಿಂದ ಆರಂಭಿಸಿ ದೇಶದ 6,000ಕ್ಕೂ ಹೆಚ್ಚು ನಿಲ್ದಾಣಗಳಲ್ಲಿ ವೈ-ಫೈ ಒದಗಿಸಿದೆ. ದಿನಕ್ಕೆ ಮೊದಲ 30 ನಿಮಿಷ 1 ಎಂಬಿಪಿಎಸ್ ವೇಗದಲ್ಲಿ ಉಚಿತ, ನಂತರದ ಬಳಕೆಗೆ ಶುಲ್ಕವಿದೆ. ಆದರೆ ಈ ಭಾಗದಲ್ಲಿ ರೈಲು ಸಂಪರ್ಕವೇ ಕಡಿಮೆ. ಹಳಿಯಾಳ ಮತ್ತು ಮುಂಡಗೋಡ ಪಟ್ಟಣಗಳಲ್ಲಿ ರೈಲು ನಿಲ್ದಾಣವಿಲ್ಲ. ದಾಂಡೇಲಿಯ ಅಂಬೇವಾಡಿ ನಿಲ್ದಾಣಕ್ಕೆ 2019ರ ನವೆಂಬರ್‌ನಲ್ಲಿ ಪ್ರಯಾಣಿಕ ರೈಲು ಆರಂಭವಾಯಿತಾದರೂ, 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣದಿಂದ ದೇಶದಾದ್ಯಂತ ರೈಲುಗಳು ನಿಂತಾಗ ಅದೂ ನಿಂತಿತು. ಆದ್ದರಿಂದ ಹುಬ್ಬಳ್ಳಿ ಅಥವಾ ಧಾರವಾಡದ ಮೂಲಕ ಬರುವವರಿಗೆ ನಿಲ್ದಾಣದ ವೈ-ಫೈ ಉಪಯೋಗವಾಗುವುದು ಪ್ರಯಾಣದ ಆರಂಭ ಮತ್ತು ಕೊನೆಯಲ್ಲಿ ಮಾತ್ರ.

ವಸತಿಗೃಹ ಮತ್ತು ಹೋಂಸ್ಟೇಗಳು: ಪ್ರವಾಸಿಗರು ಹೆಚ್ಚಾಗಿ ಬಳಸುವುದು ತಂಗಿದ ಸ್ಥಳದ ವೈ-ಫೈಯನ್ನೇ. ಒಂದೇ ಸಂಪರ್ಕವನ್ನು ಎಲ್ಲ ಅತಿಥಿಗಳೂ ಹಂಚಿಕೊಳ್ಳುವುದರಿಂದ ಹಗಲಿನಲ್ಲಿ ಚೆನ್ನಾಗಿದ್ದ ವೇಗ ಸಂಜೆ ಕುಸಿಯುವುದು ಸಾಮಾನ್ಯ. ಉದಾಹರಣೆಗೆ, 30 ಎಂಬಿಪಿಎಸ್ ಸಂಪರ್ಕವನ್ನು ಏಕಕಾಲಕ್ಕೆ 20 ಮಂದಿ ಬಳಸಿದರೆ ಒಬ್ಬರಿಗೆ ಸರಾಸರಿ 1.5 ಎಂಬಿಪಿಎಸ್ ಮಾತ್ರ ದೊರೆಯುತ್ತದೆ.

ತಾಲ್ಲೂಕುವಾರು ಸ್ವರೂಪ

ದಾಂಡೇಲಿ: 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್‌ನಿಂದಾಗಿ ಬೆಳೆದ ಈ ನಗರದಲ್ಲಿ ಬ್ಯಾಂಕು, ಕಾಲೇಜು, ಹೋಟೆಲುಗಳಿವೆ. ನಗರದ ಒಳಗಿನ ಸಂಪರ್ಕವನ್ನು ಸುತ್ತಲಿನ ಕಾಡಿನ ರೆಸಾರ್ಟುಗಳ ಸಂಪರ್ಕಕ್ಕೆ ಸಮನೆಂದು ಭಾವಿಸಲಾಗದು. 'ದಾಂಡೇಲಿ' ಎಂದು ಜಾಹೀರಾತು ನೀಡುವ ಅನೇಕ ತಂಗುದಾಣಗಳು ವಾಸ್ತವವಾಗಿ ಜೋಯಿಡಾ ತಾಲ್ಲೂಕಿನಲ್ಲಿವೆ. ಕಾಳಿ ನದಿಯ ರಾಫ್ಟಿಂಗ್‌ಗೆ ಹೆಸರಾದ ಗಣೇಶಗುಡಿ ಇದಕ್ಕೆ ಒಂದು ನಿದರ್ಶನ.

ಹಳಿಯಾಳ: ತಾಲ್ಲೂಕು ಕೇಂದ್ರವಾದ ಈ ಪಟ್ಟಣದಲ್ಲಿ 2004ರಲ್ಲಿ ಆರಂಭವಾದ ಎಂಜಿನಿಯರಿಂಗ್ ಕಾಲೇಜಿದೆ. ಕಾಲೇಜುಗಳ ಆವರಣದ ವೈ-ಫೈ ಅಲ್ಲಿನ ವಿದ್ಯಾರ್ಥಿಗಳಿಗೆ ಮತ್ತು ಸಿಬ್ಬಂದಿಗೆ ಮೀಸಲಾಗಿರುವುದರಿಂದ ಅದನ್ನು ಸಾರ್ವಜನಿಕ ಸಂಪರ್ಕವೆಂದು ಪರಿಗಣಿಸಲಾಗದು. ಸುತ್ತಲಿನ ಭೂಮಿ ಬಹುಮಟ್ಟಿಗೆ ಸಮತಟ್ಟಾಗಿರುವುದರಿಂದ ಮೊಬೈಲ್ ಸಂಕೇತಕ್ಕೆ ಅಡ್ಡಿ ಕಡಿಮೆ.

ಜೋಯಿಡಾ: ಅಣಶಿ, ಕುಂಬಾರವಾಡಾ, ಉಳವಿ, ಕ್ಯಾಸಲ್‌ರಾಕ್ ಮೊದಲಾದ ಊರುಗಳು ಒಂದರಿಂದ ಒಂದು ಬಹುದೂರದಲ್ಲಿದ್ದು, ನಡುವಿನ ಅರಣ್ಯ ರಸ್ತೆಗಳ ದೀರ್ಘ ಭಾಗಗಳಲ್ಲಿ ಸಂಕೇತ ದೊರೆಯುವುದಿಲ್ಲ. ದೇಶದ 24,680 ಸಂಪರ್ಕರಹಿತ ಗ್ರಾಮಗಳಿಗೆ 4ಜಿ ಸೇವೆ ತಲುಪಿಸುವ ಯೋಜನೆಗೆ ಕೇಂದ್ರ ಸಚಿವ ಸಂಪುಟ 2022ರ ಜುಲೈನಲ್ಲಿ ಒಪ್ಪಿಗೆ ನೀಡಿದ್ದು, ಬಿಎಸ್‌ಎನ್‌ಎಲ್ ಇದನ್ನು ಅನುಷ್ಠಾನಗೊಳಿಸುತ್ತಿದೆ. ಜೋಯಿಡಾದಂತಹ ಅರಣ್ಯ ತಾಲ್ಲೂಕುಗಳಿಗೆ ಇಂತಹ ಸರ್ಕಾರಿ ಯೋಜನೆಗಳೇ ಮುಖ್ಯ ಆಧಾರ.

ಮುಂಡಗೋಡ: ಪಟ್ಟಣದ ಸಮೀಪದಲ್ಲಿ 1966ರಲ್ಲಿ ಸ್ಥಾಪಿತವಾದ ಡೊಗುಲಿಂಗ್ ಟಿಬೆಟನ್ ವಸಾಹತು ಇದೆ. ಡ್ರೆಪುಂಗ್ ಮತ್ತು ಗಾದೆನ್ ಮಠಗಳ ಪರಿಸರದಲ್ಲಿ ಅತಿಥಿಗೃಹ ಮತ್ತು ಉಪಾಹಾರಗೃಹಗಳಿವೆ. ಭಾರತೀಯ ನಾಗರಿಕರು ಇಲ್ಲಿಗೆ ಮುಕ್ತವಾಗಿ ಬರಬಹುದು. ವಿದೇಶಿಯರು ವಸಾಹತಿನಲ್ಲಿ ತಂಗಲು ಕೇಂದ್ರ ಗೃಹ ಸಚಿವಾಲಯದ ಸಂರಕ್ಷಿತ ಪ್ರದೇಶ ಪರವಾನಗಿಯನ್ನು ಮುಂಚಿತವಾಗಿ ಪಡೆದಿರಬೇಕು. ಆದ್ದರಿಂದ ಪರವಾನಗಿಯಿಲ್ಲದ ವಿದೇಶಿ ಪ್ರವಾಸಿಗರು ಇಲ್ಲಿನ ಅತಿಥಿಗೃಹಗಳಲ್ಲಿ ಉಳಿದು ಕೆಲಸ ಮಾಡುವಂತಿಲ್ಲ.

ಕೆಲಸಕ್ಕೆ ಬೇಕಾದ ಸಾಮರ್ಥ್ಯ

ಮಿಂಚಂಚೆ ಮತ್ತು ಬರವಣಿಗೆಯ ಕೆಲಸಕ್ಕೆ 1 ಎಂಬಿಪಿಎಸ್‌ಗಿಂತ ಕಡಿಮೆ ವೇಗವೂ ಸಾಕಾಗುತ್ತದೆ. ವಿಡಿಯೊ ಸಭೆಗೆ ಎರಡೂ ದಿಕ್ಕಿನಲ್ಲಿ ಸುಮಾರು 1ರಿಂದ 3 ಎಂಬಿಪಿಎಸ್ ಸ್ಥಿರ ವೇಗ ಬೇಕು. ಕಡತ ಇಳಿಸಿಕೊಳ್ಳುವ ವೇಗ ಹೆಚ್ಚಿದ್ದರೂ ಕಳುಹಿಸುವ ವೇಗ ಕಡಿಮೆಯಿದ್ದರೆ ಸಭೆಯಲ್ಲಿ ಮಾತನಾಡುವವರ ಧ್ವನಿ ತುಂಡಾಗುತ್ತದೆ. ಆದ್ದರಿಂದ ಸ್ಥಳವನ್ನು ಆಯ್ಕೆ ಮಾಡುವಾಗ ಎರಡೂ ವೇಗಗಳನ್ನು ಅಳೆಯುವುದು ಉಚಿತ. 1 ಎಂಬಿಪಿಎಸ್ ವೇಗದಲ್ಲಿ ಒಂದು ಗಂಟೆ ನಿರಂತರವಾಗಿ ದತ್ತಾಂಶ ಹರಿದರೆ ಸುಮಾರು 450 ಎಂಬಿ ಖರ್ಚಾಗುತ್ತದೆ. ವಿಡಿಯೊ ನಿಲ್ಲಿಸಿ ಧ್ವನಿಯನ್ನಷ್ಟೇ ಬಳಸಿದರೆ ಈ ಪ್ರಮಾಣ ಬಹಳಷ್ಟು ತಗ್ಗುತ್ತದೆ.

ವಿದ್ಯುತ್ ಪೂರೈಕೆಯೂ ನಿರ್ಣಾಯಕ ಅಂಶ. ಈ ತಾಲ್ಲೂಕುಗಳಿಗೆ ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿ ವಿದ್ಯುತ್ ಪೂರೈಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಮರ ಬಿದ್ದು ವಿದ್ಯುತ್ ತಂತಿ ಮತ್ತು ಕಂಬದ ಮೇಲಿನ ಫೈಬರ್ ಕೇಬಲ್ ಎರಡೂ ತುಂಡಾಗುವುದುಂಟು. ವಿದ್ಯುತ್ ಹೋದ ಬಳಿಕ ಟವರ್‌ಗಳು ಬ್ಯಾಟರಿ ಅಥವಾ ಡೀಸೆಲ್ ಜನರೇಟರ್‌ನಿಂದ ನಡೆಯುತ್ತವೆ. ಅವು ಬರಿದಾದರೆ ಇಡೀ ಪ್ರದೇಶದ ಸಂಪರ್ಕ ನಿಲ್ಲುತ್ತದೆ. ತಂಗುವ ಸ್ಥಳದಲ್ಲಿ ರೂಟರ್‌ಗೂ ಇನ್ವರ್ಟರ್ ಸಂಪರ್ಕವಿದೆಯೇ ಎಂಬುದು ಇದೇ ಕಾರಣಕ್ಕೆ ಮುಖ್ಯ. ಬೇರೆ ಬೇರೆ ಕಂಪನಿಗಳ ಎರಡು ಸಿಮ್ ಇಟ್ಟುಕೊಳ್ಳುವುದು, ಬೇಕಾದ ಕಡತಗಳನ್ನು ಮೊದಲೇ ಇಳಿಸಿಕೊಳ್ಳುವುದು, ಕಾಡಿನ ರಸ್ತೆಗೆ ಹೊರಡುವ ದಿನ ಸಭೆ ಇಟ್ಟುಕೊಳ್ಳದಿರುವುದು ರೂಢಿಯಲ್ಲಿರುವ ಮುನ್ನೆಚ್ಚರಿಕೆಗಳು.

ಗುರುತಿನ ದೃಢೀಕರಣ ಮತ್ತು ಸುರಕ್ಷತೆ

ಭಾರತದಲ್ಲಿ ಸಾರ್ವಜನಿಕ ವೈ-ಫೈ ಬಳಸುವವರ ಗುರುತನ್ನು ದೃಢೀಕರಿಸಬೇಕೆಂದು ದೂರಸಂಪರ್ಕ ಇಲಾಖೆ 2009ರಲ್ಲಿ ಸೂಚನೆ ನೀಡಿತು. ಮೊಬೈಲ್ ಸಂಖ್ಯೆಗೆ ಒಟಿಪಿ ಕಳುಹಿಸುವ ಪದ್ಧತಿ ಇದರಿಂದ ರೂಢಿಗೆ ಬಂದಿತು. ಸಂಕೇತವೇ ಇಲ್ಲದ ಊರಿನಲ್ಲಿ ಒಟಿಪಿ ತಲುಪದೆ, ವೈ-ಫೈ ಇದ್ದರೂ ಪ್ರವೇಶ ದೊರೆಯದಿರುವ ವಿಚಿತ್ರ ಸ್ಥಿತಿ ಇದರಿಂದ ಉಂಟಾಗಬಹುದು. ವಿದೇಶಿ ಸಂಖ್ಯೆ ಹೊಂದಿರುವವರಿಗೂ ಇದೇ ತೊಡಕು ಎದುರಾಗುತ್ತದೆ. ಸೈಬರ್ ಕೆಫೆಗಳಿಗೆ 2011ರ ನಿಯಮಗಳು ಅನ್ವಯಿಸುತ್ತವೆ. ಅಲ್ಲಿ ಗುರುತಿನ ಚೀಟಿ ತೋರಿಸುವುದು ಕಡ್ಡಾಯ.

ಪಾಸ್‌ವರ್ಡ್ ಇಲ್ಲದ ಜಾಲಗಳಲ್ಲಿ ಇತರರು ದತ್ತಾಂಶವನ್ನು ಕದ್ದು ನೋಡುವ ಮತ್ತು ಪರಿಚಿತ ಹೆಸರಿನ ನಕಲಿ ಜಾಲ ಸೃಷ್ಟಿಸಿ ವಂಚಿಸುವ ಅಪಾಯವಿದೆ. ಜಾಲದ ನಿಖರ ಹೆಸರನ್ನು ಸಿಬ್ಬಂದಿಯಿಂದ ಕೇಳಿ ತಿಳಿಯುವುದು, ಬ್ಯಾಂಕ್ ವ್ಯವಹಾರಕ್ಕೆ ಸ್ವಂತ ಮೊಬೈಲ್ ಸಂಪರ್ಕ ಬಳಸುವುದು, ಕಚೇರಿ ಕೆಲಸಕ್ಕೆ ವಿಪಿಎನ್ ಬಳಸುವುದು ಸುರಕ್ಷಿತ ಕ್ರಮಗಳೆನಿಸಿವೆ.

ಸ್ಥಳೀಯರ ಅಗತ್ಯ

ಕೋವಿಡ್ ಸಮಯದಲ್ಲಿ ತರಗತಿಗಳು ಆನ್‌ಲೈನ್ ಆದಾಗ ಉತ್ತರ ಕನ್ನಡದ ಒಳನಾಡಿನ ವಿದ್ಯಾರ್ಥಿಗಳು ಸಂಕೇತ ಹುಡುಕಿಕೊಂಡು ಗುಡ್ಡ ಹತ್ತಿ ಪಾಠ ಕೇಳಿದ್ದು ವ್ಯಾಪಕವಾಗಿ ವರದಿಯಾಯಿತು. ನಗರದಿಂದ ಊರಿಗೆ ಮರಳಿ ಮನೆಯಿಂದಲೇ ಕೆಲಸ ಮಾಡಬೇಕಾದ ಉದ್ಯೋಗಿಗಳಿಗೂ ಇದೇ ಸಮಸ್ಯೆ ಎದುರಾಯಿತು. ಪಡಿತರ ವಿತರಣೆ, ಪಿಂಚಣಿ, ಪಹಣಿ, ಉದ್ಯೋಗ ಖಾತರಿ ಯೋಜನೆಯ ಹಾಜರಾತಿ ಮೊದಲಾದ ಸೇವೆಗಳು ಈಗ ಅಂತರಜಾಲವನ್ನೇ ಅವಲಂಬಿಸಿವೆ. ಸಂಪರ್ಕ ಕಡಿದ ದಿನ ದೂರದ ಮಜಿರೆಯಿಂದ ನಡೆದು ಬಂದವರು ಬರಿಗೈಯಲ್ಲಿ ಮರಳಬೇಕಾಗುತ್ತದೆ.

ಈ ಕಾರಣದಿಂದ ಗ್ರಾಮ ಪಂಚಾಯತಿ ಮತ್ತು ಅರಿವು ಕೇಂದ್ರಗಳ ಸಂಪರ್ಕವು ಪ್ರವಾಸಿಗರ ಪಾಲಿಗೆ ಅನುಕೂಲವಾದರೆ, ಊರಿನವರ ಪಾಲಿಗೆ ಅವಶ್ಯಕತೆ. ಸೀಮಿತ ಸಾಮರ್ಥ್ಯದ ಒಂದೇ ಕೇಬಲ್ ಇರುವ ಕಡೆ ಹೊರಗಿನವರೊಬ್ಬರ ದೀರ್ಘ ವಿಡಿಯೊ ಸಭೆಯಿಂದ ಕಚೇರಿಯ ಕೆಲಸವೂ ಮಕ್ಕಳ ಓದೂ ನಿಧಾನವಾಗಬಹುದು. ಅಲ್ಲಿ ಸಿಬ್ಬಂದಿಯ ಅನುಮತಿ ಪಡೆದು, ಜನ ಕಡಿಮೆಯಿರುವ ವೇಳೆಯಲ್ಲಿ ಹಗುರವಾದ ಕೆಲಸಗಳಿಗೆ ಮಾತ್ರ ಸಂಪರ್ಕ ಬಳಸುವುದು ಸೂಕ್ತ. ಹೆಚ್ಚಿನ ದತ್ತಾಂಶ ಬೇಡುವ ಕೆಲಸಗಳಿಗೆ ದಾಂಡೇಲಿ, ಹಳಿಯಾಳ ಮತ್ತು ಮುಂಡಗೋಡ ಪಟ್ಟಣಗಳ ಖಾಸಗಿ ವಸತಿಗೃಹಗಳ ಫೈಬರ್ ಸಂಪರ್ಕವೇ ಹೆಚ್ಚು ಭರವಸೆಯದು.