ಸಂಸಾರಕ್ಕೊಂದು ಲ್ಯಾಪ್‌ಟಾಪ್: ಕೊಳ್ಳುವ ಮುನ್ನ ಕೊಂಚ ನಿಲ್ಲಿ!

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂದರು ಹಿರಿಯರು. ಅವರು ಇಂದು ಇದ್ದಿದ್ದರೆ “ಲ್ಯಾಪ್‌ಟಾಪ್ ಕೊಂಡು ನೋಡು” ಎಂದೂ ಸೇರಿಸುತ್ತಿದ್ದರೋ ಏನೋ! ಸೀರೆಯಾದರೆ ಸೆರಗು ಹಿಡಿದು ನೋಡುತ್ತೇವೆ, ಬೇಳೆಯಾದರೆ ಬಾಯಿಗೆ ಹಾಕಿಕೊಂಡು ನೋಡುತ್ತೇವೆ. ಮಡಿಸಿಟ್ಟ ಈ ಕರಿ ಪೆಟ್ಟಿಗೆಯನ್ನು ಹೇಗೆ ನೋಡುವುದು? ಅಂಗಡಿಯವನು ಹೇಳಿದ್ದಕ್ಕೆಲ್ಲ ತಲೆಯಾಡಿಸಿ, ಮೂವತ್ತು ನಲವತ್ತು ಸಾವಿರ ಎಣಿಸಿ ಕೊಟ್ಟು, ಆರು ತಿಂಗಳಿಗೆ “ಯಾಕೋ ಭಾಳ ನಿಧಾನ” ಎಂದು ಮೂಲೆಗೆ ಸೇರಿಸಿದವರ ಸಂಖ್ಯೆ ಕಡಿಮೆಯೇನಲ್ಲ.

ಕನಕಪುರ ತಾಲ್ಲೂಕಿನ ಉಯ್ಯಂಬಳ್ಳಿಯಂಥ ಊರಿನ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಎರಡು ಎಕರೆ ಹಿಪ್ಪುನೇರಳೆ, ಹಟ್ಟಿಯಲ್ಲಿ ಒಂದು ಹಸು, ಕನಕಪುರದ ಕಾಲೇಜಿಗೆ ಬಸ್ಸಿನಲ್ಲಿ ಹೋಗಿ ಬರುವ ಮಗಳು. “ಅವ್ವಾ, ಕ್ಲಾಸಲ್ಲಿ ಎಲ್ರೂ ಲ್ಯಾಪ್‌ಟಾಪ್ ತಗೊಂಡವ್ರೆ, ನಂಗೂ ಕೊಡ್ಸು” ಎಂದು ಅವಳ ಒತ್ತಾಯ. “ಫೋನ್ ಇಲ್ವೇನೇ, ಅದ್ರಲ್ಲೇ ಓದ್ಕೋ” ಎಂದು ಅಪ್ಪನ ಉತ್ತರ. ನಡುವೆ ಸಿಕ್ಕಿಕೊಂಡವಳು ಅವ್ವ. ಗೂಡು ಮಾರಿದ ದುಡ್ಡು ಕೈಗೆ ಬಂದರೆ ಸೊಸೈಟಿ ಸಾಲ ಇದೆ, ಮುಂದಿನ ಬೆಳೆಗೆ ಮೊಟ್ಟೆ ತರಬೇಕು. ಅದರಲ್ಲಿ ಒಂದು ಪಾಲು ತೆಗೆದು ಈ ಯಂತ್ರಕ್ಕೆ ಹಾಕಬೇಕೆಂದರೆ ಅದು ತಪ್ಪುವ ಹಾಗಿಲ್ಲ. ಅಂಥ ತಾಯಂದಿರಿಗಾಗಿಯೇ ಈ ಲೇಖನ.

ಮೊದಲ ಪ್ರಶ್ನೆ: ಬೇಕೇ ಬೇಕೇ?

ಅಪ್ಪನ ಮಾತಿನಲ್ಲೂ ಅರ್ಧ ಸತ್ಯವಿದೆ. ಪಹಣಿ ನೋಡುವುದು, ಹಣ ಕಳಿಸುವುದು, ಪಾಠದ ವಿಡಿಯೋ ನೋಡುವುದು, ಇವೆಲ್ಲ ಫೋನಿನಲ್ಲೇ ಆಗುತ್ತವೆ. ವರ್ಷಕ್ಕೊಮ್ಮೆ ವಿದ್ಯಾರ್ಥಿವೇತನದ ಅರ್ಜಿ ಹಾಕಲು ಗ್ರಾಮ ಒನ್ ಕೇಂದ್ರವೋ ಪೇಟೆಯ ಸೈಬರ್ ಅಂಗಡಿಯೋ ಸಾಕು.

ಆದರೆ ಬಿ.ಸಿ.ಎ. ಓದುವ ಹುಡುಗಿ ಪ್ರೋಗ್ರಾಂ ಬರೆದು ಕಲಿಯುವುದು, ಬಿ.ಕಾಂ. ಓದುವವಳು ಟ್ಯಾಲಿಯಲ್ಲಿ ಲೆಕ್ಕ ಬರೆಯುವುದು, ಹತ್ತಾರು ಪುಟದ ಪ್ರಾಜೆಕ್ಟ್ ವರದಿ ಸಿದ್ಧಪಡಿಸುವುದು, ಇವು ಅಂಗೈಯಗಲದ ಫೋನಿನಲ್ಲಿ ಆಗುವ ಕೆಲಸಗಳಲ್ಲ. 2020ರಲ್ಲಿ ಕೊರೋನಾದಿಂದ ಶಾಲೆ ಕಾಲೇಜು ಮುಚ್ಚಿದಾಗ, ಫೋನಿನಲ್ಲಿ ಪಾಠ ಕೇಳಿದ ಮಕ್ಕಳ ಪಾಡನ್ನು ನಾವೇ ಕಂಡಿದ್ದೇವೆ. ಹೊಲಿಗೆಯನ್ನೋ ಹಪ್ಪಳ ಮಸಾಲೆ ಪುಡಿಯನ್ನೋ ವ್ಯಾಪಾರ ಮಾಡಿಕೊಂಡಿರುವ ಗೃಹಿಣಿಗೂ ಬಿಲ್ಲು, ಲೆಕ್ಕ, ಸ್ತ್ರೀಶಕ್ತಿ ಸಂಘದ ಪುಸ್ತಕ ಇಡಲು ಇದು ಒಳ್ಳೆಯ ಜೊತೆಗಾತಿ.

ಆದ್ದರಿಂದ ಮೊದಲು ಒಂದು ಚೀಟಿ ತೆಗೆದುಕೊಂಡು, ಯಾರು, ಯಾವ ಕೆಲಸಕ್ಕೆ, ದಿನಕ್ಕೆ ಎಷ್ಟು ಹೊತ್ತು ಬಳಸುತ್ತಾರೆ ಎಂದು ಬರೆಯಿರಿ. ಮಗಳು ಕಾಲೇಜಿನಲ್ಲಿ ಕೇಳಿ ಬರಲಿ: ಯಾವ ಪ್ರೋಗ್ರಾಂ ಕಲಿಸುತ್ತಾರೆ, ಅದಕ್ಕೆ ಎಂಥ ಯಂತ್ರ ಸಾಲುತ್ತದೆ ಎಂದು. ಚೀಟಿ ಖಾಲಿಯಾಗಿಯೇ ಉಳಿದರೆ ದುಡ್ಡೂ ಉಳಿಯಿತು!

ಅಗ್ಗವೊಂದೇ ಗುಣವಲ್ಲ

ಬಡವರ ಕೈಗೆಟುಕುವ ಗಣಕಯಂತ್ರದ ಕನಸು ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳೇ ಆ ಕನಸು ಕಂಡವರು. ‘ಸಿಂಪ್ಯೂಟರ್’ ಎಂದು ಅದರ ಹೆಸರು. ಅಂಗೈಯಲ್ಲಿ ಹಿಡಿಯಬಹುದಾದ, ನಮ್ಮ ಭಾಷೆಗಳಲ್ಲಿ ಕೆಲಸ ಮಾಡಬಲ್ಲ ಯಂತ್ರ ಅದು. 2001ರಲ್ಲಿ ಅದರ ಮಾದರಿ ಸಿದ್ಧವಾಯಿತು. 2004ರಲ್ಲಿ ‘ಅಮಿಡಾ’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೂ ಬಂತು. ದೇಶವೇ ಕೊಂಡಾಡಿತು, ಆದರೆ ಕೊಂಡವರು ಕಡಿಮೆ. ಮುಂದೆ ಮೊಬೈಲ್ ಫೋನೇ ಮನೆ ಮನೆ ಹೊಕ್ಕಿತು. ಬೆಲೆ ಇಳಿದ ಮಾತ್ರಕ್ಕೆ ವಸ್ತು ಮನೆಯಲ್ಲಿ ನಿಲ್ಲುವುದಿಲ್ಲ, ನಮ್ಮ ಕೆಲಸಕ್ಕೆ ಒದಗಬೇಕು. ಈ ಪಾಠ ನಮಗೂ ಅನ್ವಯಿಸುತ್ತದೆ.

ಅಡುಗೆಮನೆಯ ಲೆಕ್ಕದಲ್ಲಿ ಹೇಳುವುದಾದರೆ...

ಲ್ಯಾಪ್‌ಟಾಪಿನೊಳಗೆ ನಾವು ಗಮನಿಸಬೇಕಾದವು ಮೂರೇ ಅಂಗ. ‘ಪ್ರೊಸೆಸರ್’ ಎಂಬುದು ಅಡುಗೆ ಮಾಡುವವಳು. ಅವಳ ಕೈ ಚುರುಕಾಗಿದ್ದಷ್ಟೂ ಕೆಲಸ ಬೇಗ. ‘ರ‍್ಯಾಮ್’ ಎಂಬುದು ಅಡುಗೆ ಕಟ್ಟೆ. ಕಟ್ಟೆ ಚಿಕ್ಕದಾದರೆ ಎಂಥ ಚುರುಕಿನವಳೂ ಒಂದು ಪಾತ್ರೆ ಇಳಿಸಿಯೇ ಇನ್ನೊಂದು ಇಡಬೇಕು. ‘ಸ್ಟೋರೇಜ್’ ಎಂಬುದು ಉಗ್ರಾಣ. ಸಾಮಾನೆಲ್ಲ ಜೋಪಾನವಾಗಿರುವುದು ಅಲ್ಲಿ.

ಮನೆಯ ಬಳಕೆಗೆ ಅಡುಗೆಯವಳು ಇಂಟೆಲ್ ಕೋರ್ ಐ3 ಅಥವಾ ಎ.ಎಂ.ಡಿ. ರೈಜನ್ 3 ದರ್ಜೆಯವಳಾದರೆ ಸಾಕು. ಕಟ್ಟೆ 8 ಜಿ.ಬಿ. ಇರಲಿ. 4 ಜಿ.ಬಿ. ಎಂದರೆ ಈ ಕಾಲಕ್ಕೆ ಇಕ್ಕಟ್ಟು. ಮುಂದೆ ಇನ್ನೊಂದಿಷ್ಟು ರ‍್ಯಾಮ್ ಸೇರಿಸಲು ಒಳಗೆ ಜಾಗವಿದೆಯೇ ಎಂದೂ ಕೇಳಿ. ಉಗ್ರಾಣ ‘ಎಸ್.ಎಸ್.ಡಿ.’ ಬಗೆಯದೇ ಆಗಿರಬೇಕು. 256 ಜಿ.ಬಿ. ನಡೆಯುತ್ತದೆ, 512 ಆದರೆ ನೆಮ್ಮದಿ. ಹಳೆಯ ತಿರುಗುವ ಹಾರ್ಡ್ ಡಿಸ್ಕ್ ಇರುವ ಯಂತ್ರ ಆನ್ ಮಾಡಿ ಕೂತರೆ, ಅದು ಏಳುವಷ್ಟರಲ್ಲಿ ಕಾಫಿ ಕುಡಿದು ಲೋಟ ತೊಳೆದಿಡಬಹುದು! ತೀರಾ ಅಗ್ಗದವುಗಳಲ್ಲಿ ‘ಇ.ಎಂ.ಎಂ.ಸಿ.’ ಎಂಬ 64 ಜಿ.ಬಿ. ಉಗ್ರಾಣ ಇರುತ್ತದೆ. ಅದರಲ್ಲಿ ವಿಂಡೋಸ್ ಒಂದೇ ದೊಡ್ಡ ಪಾಲು ತುಂಬಿಬಿಡುತ್ತದೆ, ಬೇಡ.

ಪರದೆ 14 ಅಥವಾ 15.6 ಅಂಗುಲ, ‘ಫುಲ್ ಎಚ್.ಡಿ.’ ಇರಲಿ, ಮಗಳ ಕಣ್ಣಿಗೆ ಹಿತ. ದಿನವೂ ಬಸ್ಸಿನಲ್ಲಿ ಹೊತ್ತು ಹೋಗುವುದಾದರೆ ಒಂದೂವರೆ ಕಿಲೋ ಆಸುಪಾಸಿನ 14 ಅಂಗುಲದ್ದೇ ವಾಸಿ. ‘ಗೇಮಿಂಗ್’ ಎಂದೋ ‘ಎ.ಐ.’ ಎಂದೋ ಅಂಟಿಸಿದ ಚೀಟಿಗೆ ಹೆಚ್ಚು ದುಡ್ಡು ತೆರುವ ಅಗತ್ಯ ಮನೆಬಳಕೆಗೆ ಇಲ್ಲ.

ವಿಂಡೋಸ್ ಇದೆಯೋ, ಇಲ್ಲವೋ?

ಕೆಲವು ಯಂತ್ರಗಳು ‘ಡಾಸ್’ ಎಂಬ ಹೆಸರಿನಲ್ಲಿ ಎರಡು ಮೂರು ಸಾವಿರ ಕಡಿಮೆಗೆ ಸಿಗುತ್ತವೆ. ಅದರಲ್ಲಿ ವಿಂಡೋಸ್ ಇರುವುದಿಲ್ಲ. ಆಮೇಲೆ ಯಾರೋ ಕಳ್ಳ ಪ್ರತಿ ಹಾಕಿಕೊಟ್ಟು, ಅದರ ಜೊತೆಗೆ ವೈರಸ್ಸನ್ನೂ ಉಡುಗೊರೆಯಾಗಿ ಕೊಟ್ಟಾರು! ಅಸಲಿ ವಿಂಡೋಸ್ 11 ಸೇರಿದ ಬೆಲೆಯನ್ನೇ ಕೇಳಿ. ಉಬುಂಟುವಿನಂಥ ಲಿನಕ್ಸ್ ಪೂರ್ತಿ ಉಚಿತ, ಆದರೆ ಕಾಲೇಜಿನವರು ಒಪ್ಪುತ್ತಾರೆಯೇ ವಿಚಾರಿಸಿಕೊಳ್ಳಬೇಕು. ಪತ್ರ, ಪಟ್ಟಿ ಬರೆಯಲು ದುಡ್ಡು ಕೊಟ್ಟು ಆಫೀಸ್ ಕೊಳ್ಳಲಾಗದಿದ್ದರೆ ಲಿಬ್ರೆ ಆಫೀಸ್ ಉಚಿತವಾಗಿ ಸಿಗುತ್ತದೆ.

“ಕೀಲಿಮಣೆ ಮೇಲೆ ಕನ್ನಡ ಅಕ್ಷರಾನೇ ಇಲ್ವಲ್ಲ!” ಎಂದು ಗಾಬರಿ ಬೇಡ. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶ ಉಚಿತ. ಅದರಲ್ಲಿ ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸವಿದೆ. ಇಂಗ್ಲಿಷಿನ ‘ಕೆ’ ಒತ್ತಿದರೆ ಕನ್ನಡದ ‘ಕ’ ಮೂಡುತ್ತದೆ. ವಿಂಡೋಸಿನೊಳಗೇ ಕನ್ನಡ ಕೀಲಿಮಣೆಯೂ ಇದೆ. ಯುನಿಕೋಡ್‌ನಲ್ಲಿ ಬರೆಯುವುದನ್ನೇ ರೂಢಿಸಿಕೊಂಡರೆ, ನೀವು ಬರೆದದ್ದು ಯಾರ ಫೋನಿನಲ್ಲೂ ಸರಿಯಾಗಿ ಕಾಣುತ್ತದೆ.

ಹೊಸದೋ, ಹಳೆಯದೋ?

2025ರ ಬೆಲೆಯಲ್ಲಿ ಹೇಳುವುದಾದರೆ ಮೇಲೆ ಹೇಳಿದಂಥ ಹೊಸ ಯಂತ್ರ ಸುಮಾರು 30,000ದಿಂದ 45,000 ರೂಪಾಯಿ. ಕಂಪನಿಗಳು ಬಳಸಿ ಬಿಟ್ಟು, ಒಪ್ಪ ಮಾಡಿ ಮಾರುವಂಥದು 15,000ದಿಂದ 25,000. ಆ ವರ್ಷದ ಕೊನೆಯಿಂದ ಮೆಮೊರಿ ಚಿಪ್ಪುಗಳ ಬೆಲೆ ಏರಿದ್ದರಿಂದ ಇವೂ ಏರುಮುಖವಾಗಿವೆ. ಆದ್ದರಿಂದ ಎರಡು ಮೂರು ಕಡೆ ವಿಚಾರಿಸದೆ ಕೊಳ್ಳಬೇಡಿ.

ಬೆಂಗಳೂರಿನ ಎಸ್.ಪಿ. ರಸ್ತೆ ಇಂಥ ಹಳೆಯ ಯಂತ್ರಗಳಿಗೆ ಹೆಸರುವಾಸಿ. ಹಳೆಯದು ಕೊಳ್ಳುವುದು ತಪ್ಪಲ್ಲ, ನೋಡಿ ಕೊಳ್ಳದಿರುವುದು ತಪ್ಪು. ಮುಖ್ಯವಾದ ಒಂದು ಸಂಗತಿ ನೆನಪಿಡಿ. ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿತು. ವಿಂಡೋಸ್ 11 ನಡೆಯಬೇಕಾದರೆ ಇಂಟೆಲ್‌ನ ಕೋರ್ ಯಂತ್ರ 8ನೇ ತಲೆಮಾರಿನದೋ ಅದಕ್ಕಿಂತ ಹೊಸದೋ ಆಗಿರಬೇಕು. ಅದನ್ನು ತಿಳಿಯುವುದು ಸುಲಭ. ಹೆಸರಿನಲ್ಲಿ ಐ5-8250 ಎಂದಿದ್ದರೆ ಗೆರೆಯ ನಂತರದ 8 ಎಂಟನೇ ತಲೆಮಾರು. ಐ5-7200 ಎಂದಿದ್ದರೆ ಏಳನೆಯದು, ಎಷ್ಟೇ ಅಗ್ಗವಾದರೂ ಬಿಡಿ. ಐ3-1215 ಎಂದಿದ್ದರೆ ಹನ್ನೆರಡನೆಯದು. “ಐ5 ಅಕ್ಕಾ, ಐ3ಗಿಂತ ಪವರ್ ಜಾಸ್ತಿ” ಎಂದು ಅಂಗಡಿಯವನು ಹೊಗಳಿದರೆ, “ಎಷ್ಟನೇ ತಲೆಮಾರಣ್ಣಾ?” ಎಂದು ಮೆಲ್ಲಗೆ ಕೇಳಿ. ಅವನ ಧಾಟಿಯೇ ಬದಲಾಗುತ್ತದೆ!

ರೇಷ್ಮೆ ಬೆಳೆಯುವವರಿಗೆ ನೋಡಿ ಕೊಳ್ಳುವುದನ್ನು ಹೇಳಿಕೊಡಬೇಕೆ? ಗೂಡನ್ನು ಬೆರಳಲ್ಲಿ ಒತ್ತಿ ಗಟ್ಟಿಯೋ ಪೊಳ್ಳೋ ಹೇಳಬಲ್ಲ ಕೈಗಳು ಅವು. ಇಲ್ಲೂ ಹಾಗೆಯೇ: ಚಾರ್ಜರ್ ತೆಗೆದು ಅರ್ಧ ಗಂಟೆ ವಿಡಿಯೋ ಹಾಕಿ ಬ್ಯಾಟರಿ ಎಷ್ಟು ಇಳಿಯಿತು ನೋಡಿ. ಎಲ್ಲ ಕೀಲಿಗಳನ್ನೂ ಒಂದೊಂದಾಗಿ ಒತ್ತಿ. ಮುಚ್ಚಳ ನಾಲ್ಕು ಸಲ ತೆರೆದು ಮುಚ್ಚಿ, ಕೀಲು ಸಡಿಲವಾಗಿದೆಯೇ ಪರೀಕ್ಷಿಸಿ. ಕ್ಯಾಮೆರಾ, ಸ್ಪೀಕರ್, ವೈಫೈ ಎಲ್ಲ ನೋಡಿ. ಯಂತ್ರ ಆರಿಸಿ, ಮತ್ತೆ ಹಾಕಿ, ಹಳೆಯ ಕಂಪನಿಯ ಪಾಸ್‌ವರ್ಡ್ ಕೇಳುತ್ತದೆಯೇ ಗಮನಿಸಿ. ಬಿಲ್ಲು ಇಲ್ಲದ್ದು, ಎಲ್ಲಿಂದ ಬಂತೋ ಗೊತ್ತಿಲ್ಲದ್ದು ಬೇಡವೇ ಬೇಡ.

ದುಡ್ಡಿನ ದಾರಿ

ತಿಂಗಳ ಸಂಬಳದ ಮನೆಗೆ ಕಂತು ಹೊಂದುತ್ತದೆ. ಬೆಳೆಯ ದುಡ್ಡಿನ ಮನೆಗೆ ಅಷ್ಟಾಗಿ ಹೊಂದದು. ಒಂದು ಬೆಳೆ ಹುಳು ಕೈಕೊಟ್ಟರೆ ಆ ತಿಂಗಳ ಕಂತಿಗೇನು ಗತಿ? ‘ಬಡ್ಡಿಯಿಲ್ಲದ ಕಂತು’ ಎಂಬುದರಲ್ಲೂ ಸಂಸ್ಕರಣಾ ಶುಲ್ಕ, ಬಡ್ಡಿಯ ಮೇಲಿನ ಜಿ.ಎಸ್.ಟಿ. ಎಂದು ಸಣ್ಣ ಅಕ್ಷರಗಳಲ್ಲಿ ಸೇರಿಕೊಂಡಿರುವುದುಂಟು. ಒಟ್ಟು ಎಷ್ಟು ಕಟ್ಟಬೇಕಾಗುತ್ತದೆಂದು ಬರೆಸಿಕೊಂಡೇ ಸಹಿ ಹಾಕಿ.

2023ರಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿಯನ್ನು ಮುಟ್ಟದೆ ಇಡಲು ಸಾಧ್ಯವಾದರೆ, ಹದಿನೈದು ಕಂತಿಗೆ 30,000 ಆಗುತ್ತದೆ. ಎಲ್ಲರಿಗೂ ಅದು ಸಾಧ್ಯವಿಲ್ಲ, ಗೊತ್ತು. ಅರ್ಧ ಅದರಿಂದ, ಅರ್ಧ ಒಂದು ಒಳ್ಳೆಯ ಬೆಳೆಯಿಂದ ಎಂದುಕೊಂಡರೂ ಸಾಲವಿಲ್ಲದೆ ಕೆಲಸವಾಗುತ್ತದೆ. ಕರೆಂಟಿನ ಚಿಂತೆ ಬೇಡ. 65 ವಾಟಿನ ಚಾರ್ಜರ್ ದಿನಕ್ಕೆ ಮೂರು ಗಂಟೆ ಪೂರ್ತಿ ಉರಿದರೂ ತಿಂಗಳಿಗೆ ಆರು ಯೂನಿಟ್ ಮೀರದು.

ಬಿಲ್ಲಿನಲ್ಲಿ ಯಂತ್ರದ ಸೀರಿಯಲ್ ನಂಬರ್ ಇರಲಿ. ವಾರಂಟಿ ಎಷ್ಟು ದಿನ, ರಿಪೇರಿಯವರು ಮನೆಗೆ ಬರುತ್ತಾರೋ ಅಥವಾ ನಾವೇ ಬೆಂಗಳೂರಿಗೆ ಹೊತ್ತೊಯ್ಯಬೇಕೋ ಕೇಳಿ. ಉಯ್ಯಂಬಳ್ಳಿಯಿಂದ ಎರಡು ಬಸ್ಸು ಹತ್ತಿ ಹೋಗುವುದೆಂದರೆ ಒಂದು ದಿನದ ಕೆಲಸ ಕೆಟ್ಟಂತೆಯೇ. ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ವಸ್ತುವಿಗೆ ಶುಲ್ಕವಿಲ್ಲ.

ಮನೆಗೆ ಬಂದ ಮೇಲೆ

ಹಾಸಿಗೆಯ ಮೇಲಿಟ್ಟು ಬಳಸಬೇಡಿ, ಗಾಳಿಯಾಡದೆ ಬಿಸಿಯೇರುತ್ತದೆ. ಒಗ್ಗರಣೆಯ ಹೊಗೆ, ಕಾಫಿ ಲೋಟ ದೂರವಿರಲಿ. ನೀರು ಬಿದ್ದರೆ ಸಾಮಾನ್ಯ ವಾರಂಟಿ ಕೈಗೆ ಬಾರದು. ಹುಳುಮನೆಯೊಳಗಂತೂ ತರಲೇಬೇಡಿ. ಅಲ್ಲಿನ ತೇವ, ಸೋಂಕು ಕಳೆಯಲು ಹಾಕುವ ಬ್ಲೀಚಿಂಗ್ ಪುಡಿ ಯಂತ್ರದೊಳಗಿನ ಲೋಹವನ್ನು ತಿನ್ನುತ್ತವೆ. ಗುಡುಗು ಮಿಂಚಿನ ಹೊತ್ತಿನಲ್ಲಿ ಚಾರ್ಜರ್ ಪ್ಲಗ್ಗಿನಿಂದ ತೆಗೆದಿಡಿ. ಆಗಾಗ ಮುಖ್ಯ ಕಡತಗಳ ಇನ್ನೊಂದು ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿಡಿ. ಬ್ಯಾಂಕಿನ ಹೆಸರು ಹೇಳಿ ಓ.ಟಿ.ಪಿ. ಕೇಳಿದವರಿಗೆ ಕೊಡಬೇಡಿ, ಹಣ ಹೋದರೆ ತಡಮಾಡದೆ 1930ಕ್ಕೆ ತಿಳಿಸಿ.

ಕೊನೆಯದಾಗಿ ಒಂದು ಮಾತು. ಎಷ್ಟೋ ಮನೆಗಳಲ್ಲಿ ಅಕ್ಕನ ಓದಿಗೆಂದು ತಂದ ಲ್ಯಾಪ್‌ಟಾಪ್ ತಮ್ಮನ ಆಟಕ್ಕೆ ಮೀಸಲಾಗುತ್ತದೆ, ಅವ್ವನಿಗಂತೂ ಧೂಳು ಒರೆಸುವ ಹಕ್ಕು ಮಾತ್ರ! ಹಾಗಾಗದಿರಲಿ. ಮೊದಲ ದಿನವೇ ಮನೆಯ ಒಬ್ಬೊಬ್ಬರಿಗೂ ಬೇರೆ ಬೇರೆ ಖಾತೆ ತೆರೆಸಿ, ಒಂದು ನಿಮ್ಮ ಹೆಸರಿನಲ್ಲಿರಲಿ. ಮಗಳ ಪರೀಕ್ಷೆಯ ದಿನಗಳಲ್ಲಿ ಮೊದಲ ಪಾಳಿ ಅವಳದು ಎಂದು ಮನೆಯಲ್ಲಿ ಕಟ್ಟಳೆ ಮಾಡಿ. ರಾತ್ರಿ ಕೆಲಸವೆಲ್ಲ ಮುಗಿದ ಮೇಲೆ ಅರ್ಧ ಗಂಟೆ ಅವಳ ಪಕ್ಕ ಕೂತು, “ನಂಗೂ ಹೇಳ್ಕೊಡೇ” ಎನ್ನಿ. ಈ ಬೆಳೆಗೆ ಸೊಪ್ಪು, ಮೊಟ್ಟೆ, ಕೂಲಿಗೆ ಹೋದದ್ದೆಷ್ಟು, ಗೂಡಿಗೆ ಬಂದದ್ದೆಷ್ಟು ಎಂಬ ಪಟ್ಟಿಯನ್ನು ನಿಮ್ಮ ಕೈಯಾರೆ ಬರೆದಿಟ್ಟರೆ, ಮುಂದಿನ ಸಲ ದುಡ್ಡಿನ ಮಾತು ಬಂದಾಗ ಯಜಮಾನರೂ ನಿಮ್ಮನ್ನೇ ಕೇಳಿಯಾರು!

ಅಂಗಡಿಗೆ ಹೊರಡುವ ಮುನ್ನ

ಈ ಚೀಟಿ ಕತ್ತರಿಸಿ ಪರ್ಸಿನಲ್ಲಿಟ್ಟುಕೊಳ್ಳಿ:

• ಪ್ರೊಸೆಸರ್: ಕೋರ್ ಐ3 ಅಥವಾ ರೈಜನ್ 3, ಹಳೆಯ ಇಂಟೆಲ್ ಆದರೆ 8ನೇ ತಲೆಮಾರಿಗಿಂತ ಹಿಂದಿನದು ಬೇಡ
• ರ‍್ಯಾಮ್: 8 ಜಿ.ಬಿ.
• ಸ್ಟೋರೇಜ್: ಎಸ್.ಎಸ್.ಡಿ., 256 ಅಥವಾ 512 ಜಿ.ಬಿ.
• ಪರದೆ: 14 ಅಥವಾ 15.6 ಅಂಗುಲ, ಫುಲ್ ಎಚ್.ಡಿ.
• ಅಸಲಿ ವಿಂಡೋಸ್ 11
• ಸೀರಿಯಲ್ ನಂಬರ್ ಇರುವ ಜಿ.ಎಸ್.ಟಿ. ಬಿಲ್ಲು, ವಾರಂಟಿ ಪತ್ರ
• ಜೊತೆಗೆ ಮಗಳು. ಬಳಸುವವಳೇ ನೋಡಿ ಒಪ್ಪಲಿ!