ಚಾಮರಾಜನಗರದ ರೈಲುದಾರಿಯೂ ಗುಂಡ್ಲುಪೇಟೆಯ ಸಂತೆಯೂ

ಊರಿನ ಹೆಸರು ಕೆಲವು ವೇಳೆ ಆ ಊರಿನ ಚರಿತ್ರೆಯ ಸಂಗ್ರಹವೇ ಆಗಿರುವುದುಂಟು. ಕನ್ನಡ ನಾಡಿನ ತೆಂಕಣ ಅಂಚಿನಲ್ಲಿರುವ ಚಾಮರಾಜನಗರ, ಗುಂಡ್ಲುಪೇಟೆಗಳು ಇದಕ್ಕೆ ನಿದರ್ಶನ. ಮೊದಲನೆಯದರ ಹಳೆಯ ಹೆಸರು ಅರಿಕುಠಾರ. ಖಾಸಾ ಚಾಮರಾಜ ಒಡೆಯರು ಜನಿಸಿದ ಸ್ಥಳವಾದುದರಿಂದ ಅವರ ಪುತ್ರರಾದ ಮುಮ್ಮಡಿ ಕೃಷ್ಣರಾಜ ಒಡೆಯರು ೧೮೧೮ರಲ್ಲಿ ಅದಕ್ಕೆ ತಂದೆಯ ಹೆಸರನ್ನಿಟ್ಟರು. ೧೮೨೬ರಲ್ಲಿ ಚಾಮರಾಜೇಶ್ವರನ ದೇವಾಲಯವನ್ನು ಕಟ್ಟಿಸಿದರು. ಎರಡನೆಯದು ಹಿಂದೆ ವಿಜಯಪುರವೆನಿಸಿತ್ತು. ಚಿಕ್ಕದೇವರಾಜ ಒಡೆಯರು ತಮ್ಮ ತಂದೆಯ ಸ್ಮರಣಾರ್ಥವಾಗಿ ಪರವಾಸುದೇವನ ಗುಡಿಯನ್ನು ಕಟ್ಟಿಸಿದುದು ಇಲ್ಲಿಯೇ. ಹೀಗಿದ್ದರೂ ಜನರ ಬಾಯಲ್ಲಿ ನಿಂತ ಹೆಸರು ಗುಂಡ್ಲುಹೊಳೆಯ ಪೇಟೆ ಎಂಬುದೇ. ಒಂದು ಊರು ದೊರೆಯ ಹೆಸರಿನ ನಗರವಾಯಿತು. ಇನ್ನೊಂದು ವ್ಯಾಪಾರದ ಹೆಸರಿನ ಪೇಟೆಯಾಯಿತು. ರೈಲುದಾರಿಯು ನಗರಕ್ಕೆ ಬಂದಿತು, ಪೇಟೆಗೆ ಬರಲಿಲ್ಲ. ಅದು ಪೇಟೆಯವರೆಗೆ ಬೆಳೆಯುವುದು ಸಾಧ್ಯವೇ, ಉಚಿತವೇ ಎಂಬುದು ವಿಚಾರಾರ್ಹವಾದ ಸಂಗತಿ.

ಬೆಂಗಳೂರಿನಿಂದ ಮೈಸೂರಿಗೆ ೧೮೮೨ರಲ್ಲಿ ರೈಲು ತಲುಪಿತು. ಅಲ್ಲಿಂದ ನಂಜನಗೂಡಿನವರೆಗಿನ ದಾರಿ ೧೮೯೧ರಲ್ಲಿ ತೆರೆಯಿತು. ಕಪಿಲೆಯನ್ನು ದಾಟುವುದಕ್ಕೆ ಅದು ಆಶ್ರಯಿಸಿದುದು ದಳವಾಯಿ ದೇವರಾಜಯ್ಯನವರ ಕಾಲದ, ೧೭೩೫ರ ಕಲ್ಲಿನ ಸೇತುವೆಯನ್ನು. ಎತ್ತಿನ ಗಾಡಿಗಾಗಿ ಕಟ್ಟಿದ ಸೇತುವೆಯು ಹೊಗೆಬಂಡಿಯನ್ನೂ ಒಂದು ಶತಮಾನಕ್ಕೂ ಮೀರಿ ಹೊತ್ತಿತೆಂಬುದು ಆಶ್ಚರ್ಯಕರವಾಗಿದೆ. ೧೯೨೬ರಲ್ಲಿ ದಾರಿ ಚಾಮರಾಜನಗರವನ್ನು ಮುಟ್ಟಿತು. ೨೦೦೮ರಲ್ಲಿ ಮೀಟರು ಅಳತೆಯ ಹಳಿ ಹೋಗಿ ಅಗಲ ಹಳಿ ಬಂದಿತು. ಬಂಡಿಗಳು ಈಗ ತಿರುಪತಿಯವರೆಗೂ ನೇರವಾಗಿ ಓಡುತ್ತವೆ. ಆದರೆ ತೆಂಕಣ ದಿಕ್ಕಿಗೆ ಹಳಿ ಒಂದು ಮೈಲಿಯಷ್ಟೂ ಮುಂದುವರಿಯಲಿಲ್ಲ. ೧೯೨೬ರಲ್ಲಿ ಕೊನೆಯಾಗಿದ್ದ ನಿಲ್ದಾಣವೇ ಇಂದಿಗೂ ಕೊನೆಯದು.

ಪೇಟೆಗೆ ರೈಲು ಬಾರದಿರುವುದಕ್ಕೆ ನೆಲದ ಏರುತಗ್ಗು ಕಾರಣವೆಂದು ಭಾವಿಸುವುದು ಸಹಜ. ಇದನ್ನು ಪರೀಕ್ಷಿಸಿ ನೋಡಬೇಕು. ನಂಜನಗೂಡು, ಚಾಮರಾಜನಗರಗಳೆರಡೂ ಸಮುದ್ರಮಟ್ಟದಿಂದ ಹೆಚ್ಚು ಕಡಮೆ ಒಂದೇ ಎತ್ತರದಲ್ಲಿವೆ. ಆದುದರಿಂದ ಅವುಗಳ ನಡುವೆ ಹಳಿ ಹಾಸುವುದು ಸುಲಭವಾಗಿದ್ದಿತು. ಗುಂಡ್ಲುಪೇಟೆಯು ಅವುಗಳಿಗಿಂತ ಸುಮಾರು ೫೦೦ ಅಡಿ ಮೇಲಿದೆ. ಆದರೆ ಈ ಏರು ಇಪ್ಪತ್ತಕ್ಕೂ ಹೆಚ್ಚು ಮೈಲಿಗಳಲ್ಲಿ ಹರಡಿಕೊಂಡಿರುವುದರಿಂದ, ಸರಾಸರಿಯಲ್ಲಿ ೨೦೦ ಅಡಿ ನಡೆದರೆ ಒಂದು ಅಡಿ ಏರಿದಂತೆಯೂ ಆಗುವುದಿಲ್ಲ. ೧೮೯೯ರಲ್ಲಿ ಮೇಟುಪಾಳ್ಯದಿಂದ ಕೂನೂರಿಗೆ ಹತ್ತಿದ ನೀಲಗಿರಿಯ ರೈಲು ಕೆಲವೆಡೆ ೧೨ ಅಡಿಗೆ ಒಂದು ಅಡಿಯಂತೆ, ಹಲ್ಲುಹಳಿಯ ನೆರವಿನಿಂದ, ಏರುತ್ತದೆ. ಅದರ ಮುಂದೆ ಇದು ಬಯಲೇ ಸರಿ. ಮೇಲಾಗಿ ಗುಂಡ್ಲುಹೊಳೆಯು ಕೌಂಡಿನೀ ಎಂಬ ಪುರಾಣನಾಮದಿಂದ ಹರಿದು ನಂಜನಗೂಡಿನ ಬಳಿ ಕಪಿಲೆಯನ್ನು ಸೇರುತ್ತದೆ. ಪೇಟೆಗೆ ಹೋಗುವ ದಾರಿಯನ್ನು ಹೊಳೆಯೇ ತೋರಿಸಿಕೊಟ್ಟಿದೆ ಎನ್ನಬಹುದು.

ನಿಜವಾದ ಅಡ್ಡಿ ಇರುವುದು ಪೇಟೆಯಿಂದಾಚೆಗೆ. ಅಲ್ಲಿ ದಾರಿ ಎರಡಾಗಿ ಒಡೆದು, ಒಂದು ವಯನಾಡಿನ ಮೂಲಕ ಕೋಳಿಕ್ಕೋಡಿಗೆ, ಇನ್ನೊಂದು ಉದಕಮಂಡಲಕ್ಕೆ ಸಾಗುತ್ತದೆ. ಎರಡೂ ೧೯೭೩ರಿಂದ ಹುಲಿಗಳ ರಕ್ಷಿತಾರಣ್ಯವಾಗಿರುವ ಬಂಡೀಪುರವನ್ನು ಹಾಯಬೇಕು. ೨೦೦೯ರಿಂದ ಈ ಕಾಡಿನಲ್ಲಿ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ಸಾಮಾನ್ಯ ವಾಹನಸಂಚಾರಕ್ಕೂ ನಿಷೇಧವಿದೆ. ೧೯೨೭ರಲ್ಲಿ ಶೋರನೂರಿನಿಂದ ನಿಲಂಬೂರಿಗೆ ಬಂದ ಹಳಿಯನ್ನು ನಂಜನಗೂಡಿಗೆ ಕೂಡಿಸಬೇಕೆಂಬ ಪ್ರಸ್ತಾಪಕ್ಕೂ ಕಾಡಿನ ಪ್ರಶ್ನೆಯೇ ಎದುರಾಗಿದೆ. ಮೂಡಣ ದಿಕ್ಕಿನಲ್ಲಿ ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಇಳಿಯಬೇಕೆಂಬ ಯೋಜನೆಯ ಅವಸ್ಥೆಯೂ ಹೀಗೆಯೇ. ೨೦೧೩ರಲ್ಲಿ ಸತ್ಯಮಂಗಲದ ಕಾಡು ಕೂಡ ಹುಲಿಗಳ ರಕ್ಷಿತಾರಣ್ಯವಾಯಿತು.

ಇಲ್ಲಿ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಎಣಿಸುವುದು ಅವಶ್ಯ. ಕಡಲತೀರಕ್ಕೋ ಕೊಂಗುನಾಡಿಗೋ ಹಾದಿ ಬೇಕೆಂದರೆ ಕಾಡನ್ನು ಸೀಳದೆ ಬೇರೆ ಗತಿಯಿಲ್ಲ. ಪೇಟೆಗೆ ಹಾದಿ ಬೇಕೆಂದರೆ ಕಾಡಿನ ಈಚೆಯ ಹೊಲಗಳಲ್ಲಿಯೇ ನಿಲ್ಲಬಹುದು. ಮೊದಲನೆಯದರ ತೊಡಕನ್ನು ಎರಡನೆಯದರ ಮೇಲೆ ಹೊರಿಸುವುದು ನ್ಯಾಯವಲ್ಲ.

ಗುಂಡ್ಲುಪೇಟೆಯ ಸೀಮೆಯಲ್ಲಿ ಅರಿಸಿನ, ಬಾಳೆ, ಈರುಳ್ಳಿ, ಟೊಮ್ಯಾಟೊ, ಕೋಸು, ಚೆಂಡುಹೂ ಬೆಳೆಯುತ್ತವೆ. ತೆರಕಣಾಂಬಿಯ ತರಕಾರಿ ಮಾರುಕಟ್ಟೆಯಿಂದ ಕೇರಳದವರೆಗೂ ಸರಕು ಹೋಗುತ್ತದೆ. ಅರಿಸಿನವಾದರೆ ಕಾಯಬಲ್ಲದು, ಹೂವೂ ಟೊಮ್ಯಾಟೊವೂ ಕಾಯಲಾರವು. ಬೆಳಗಿನ ಬಂಡಿಯೊಂದು ಇದ್ದರೆ ರೈತನು ಮೈಸೂರಿನ ದರವನ್ನು ಪೇಟೆಯ ದರದೊಡನೆ ಹೋಲಿಸಿ ನೋಡಿ, ಲಾಭವಿರುವಲ್ಲಿ ಮಾರಬಹುದು. ಓದಿಗೂ ಕೂಲಿಗೂ ಆಸ್ಪತ್ರೆಗೂ ದಿನಂಪ್ರತಿ ಹೋಗಿಬರತಕ್ಕ ಬಡವರಿಗೆ ಬಸ್ಸಿಗಿಂತ ಕಡಮೆ ದರದ ಪ್ರಯಾಣ ದೊರೆಯುತ್ತದೆ. ಬದನಗುಪ್ಪೆ, ಕವಲಂದೆಯಂಥ ಸಣ್ಣ ನಿಲ್ದಾಣಗಳ ಆಸುಪಾಸಿನ ಹಳ್ಳಿಗರು ಅನುಭವಿಸುತ್ತಿರುವ ಈ ಸೌಕರ್ಯವು ತಾಲ್ಲೂಕಿನ ಮುಖ್ಯ ಪಟ್ಟಣಕ್ಕೆ ಇಲ್ಲ.

ಇದಕ್ಕೆ ಇನ್ನೊಂದು ಮುಖವೂ ಉಂಟು. ಹಳಿಯು ಸರಕನ್ನು ಹೊರಗೆ ಒಯ್ಯುವಂತೆ ಕೊಳ್ಳುವವರನ್ನೂ ಒಯ್ಯುತ್ತದೆ. ದೊಡ್ಡ ಊರಿನ ಅಂಗಡಿ ಸಮೀಪವಾದಷ್ಟೂ ಚಿಕ್ಕ ಊರಿನ ಅಂಗಡಿಗೆ ಗಿರಾಕಿ ವಿರಳವಾಗುವ ಭಯವಿದೆ. ಹಳಿಗಾಗಿ ಬಿಟ್ಟುಕೊಡಬೇಕಾದ ನೆಲವೂ ರೈತನದೇ. ಪ್ರಯಾಣಿಕರು ಸಾಲದೆ ಹೋದರೆ ವೆಚ್ಚವನ್ನು ತುಂಬುವವರಾರೆಂಬ ಪ್ರಶ್ನೆ ಬೇರೆ. ಆದರೆ ಸಂತೆಯ ಬಲವಿರುವುದು ದಾರಿಗಳು ಕೂಡುವಲ್ಲಿ. ಗುಂಡ್ಲುಪೇಟೆಯು ಪೇಟೆಯಾಗಿ ಬೆಳೆದುದು ಮೈಸೂರು, ವಯನಾಡು, ನೀಲಗಿರಿಗಳ ಹಾದಿಗಳು ಅಲ್ಲಿ ಸಂಧಿಸಿದುದರಿಂದಲೇ ಹೊರತು ಬೇರೆ ಊರುಗಳಿಂದ ದೂರವಿದ್ದುದರಿಂದಲ್ಲ. ಹಳಿಯು ಅಲ್ಲಿಯೇ ಕೊನೆಗೊಂಡರೆ, ಬೆಟ್ಟದ ಕೆಳಗಿನ ಸರಕೆಲ್ಲ ಬಂಡಿಗೆ ಏರುವ ಸ್ಥಳವಾಗಿ ಪೇಟೆಯು ಮತ್ತಷ್ಟು ಬಲಗೊಳ್ಳುವ ಸಂಭವವೇ ಹೆಚ್ಚು.

ರೈಲುದಾರಿಯು ಸಮುದ್ರದಿಂದ ಸಮುದ್ರಕ್ಕೆ ಹೋದಾಗಲೇ ಸಾರ್ಥಕವೆಂಬ ಭಾವನೆಯು ಈ ಸೀಮೆಯ ಮಟ್ಟಿಗೆ ಸಲ್ಲದು. ಕಾಡಿನ ಅಂಚಿನಲ್ಲಿ ನಿಲ್ಲಬಲ್ಲ ಹಳಿಯಿಂದ ಕಾಡೂ ಉಳಿದೀತು, ಪೇಟೆಯೂ ಉಳಿದೀತು. ಎಲ್ಲಿಗೆ ಹೋಗಬೇಕೆಂಬುದರಷ್ಟೇ ಎಲ್ಲಿ ನಿಲ್ಲಬೇಕೆಂಬುದೂ ದಾರಿ ಹಾಕುವವರು ನಿರ್ಣಯಿಸತಕ್ಕ ವಿಷಯ.